ವಾರದ ದಿನದ ರಾತ್ರಿಯೂಟಕ್ಕೆ ಟೆಕ್ಸ್-ಮೆಕ್ಸ್ ಬೀಫ್ ಕ್ಯಾಸೆರೋಲ್: ನೀರು ಬಿಡದಂತೆ ಮಾಡುವುದು ಹೇಗೆ?

ಪ್ರಶ್ನೆ (ಪ್ಲೇನೋ, ಟೆಕ್ಸಾಸ್)

ಎಲ್ಲರಿಗೂ ನಮಸ್ಕಾರ. ನಾವು ಮಂಗಳೂರು ಕಡೆಯ ಕ್ರೈಸ್ತ ಕುಟುಂಬದವರು. ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ನೆಲೆಸಿ ಮೂರು ವರ್ಷವಾಯಿತು. ನಾನೂ ಯಜಮಾನರೂ ಕೆಲಸ ಮುಗಿಸಿ ಮನೆ ಸೇರುವಷ್ಟರಲ್ಲಿ ಸಂಜೆ ಆರು ಗಂಟೆಯಾಗಿರುತ್ತದೆ, ಏಳೂವರೆಯೊಳಗೆ ಮಕ್ಕಳಿಬ್ಬರ ಊಟ ಮುಗಿದಿರಬೇಕು. ಮಕ್ಕಳು ಗೆಳೆಯರ ಮನೆಯಲ್ಲಿ ತಿಂದು ಬಂದ ಟೆಕ್ಸ್-ಮೆಕ್ಸ್ (ಟೆಕ್ಸಾಸ್-ಮೆಕ್ಸಿಕೋ ಶೈಲಿಯ) ಕ್ಯಾಸೆರೋಲ್, ಅಂದರೆ ಮಸಾಲೆ ಹಾಕಿ ಹುರಿದ ಬೀಫ್ ಕೈಮಾ, ಟೊಮೆಟೊ, ಬೀನ್ಸ್, ಮೆಕ್ಕೆಜೋಳದ ಟಾರ್ಟಿಯಾ (ತೆಳು ರೊಟ್ಟಿ) ಮತ್ತು ಚೀಸ್ ಇವನ್ನು ಪದರ ಪದರವಾಗಿ ಹರಡಿ ಓವನ್‌ನಲ್ಲಿ ಬೇಯಿಸುವ ಅಡುಗೆ, ನಮ್ಮ ಮನೆಯಲ್ಲೂ ಆಗಲೇಬೇಕೆಂದು ಹಟ ಹಿಡಿದಿದ್ದಾರೆ. ಎರಡು ಸಲ ಮಾಡಿದೆ, ಎರಡು ಸಲವೂ ಕೆಟ್ಟಿತು. ಮೊದಲ ಸಲ, ಪ್ಯಾಕೆಟ್ಟಿನ ಹಿಂದೆ ಬರೆದಿದ್ದ ಎರಡು ದೊಡ್ಡ ಚಮಚ ‘ಚಿಲ್ಲಿ ಪೌಡರ್’ ಅನ್ನು ಊರಿನಿಂದ ತಂದ ಖಾರದ ಪುಡಿಯಿಂದಲೇ ಅಳೆದು ಹಾಕಿದ್ದರಿಂದ ಚಿಕ್ಕವಳು ಒಂದೇ ತುತ್ತಿಗೆ ಕಣ್ಣೀರು ಸುರಿಸಿ ಎದ್ದುಬಿಟ್ಟಳು. ಎರಡನೆಯ ಸಲ ಖಾರವನ್ನು ಹದಕ್ಕೆ ತಂದೆ. ಆದರೆ ಸೌಟು ಹಾಕಿದಲ್ಲೆಲ್ಲ ಅಡಿಯಲ್ಲಿ ಕೆಂಪು ನೀರು ನಿಂತಿತ್ತು, ಟಾರ್ಟಿಯಾಗಳು ನೆನೆದ ಅವಲಕ್ಕಿಯಂತೆ ಮುದ್ದೆಯಾಗಿದ್ದವು. ಈ ಅಡುಗೆ ಕೈಗೆ ಹತ್ತಿರುವವರು, ಎಲ್ಲಿ ತಪ್ಪುತ್ತಿದೆಯೆಂದು ದಯವಿಟ್ಟು ತಿಳಿಸಬೇಕು. ಗಂಟೆಗಟ್ಟಲೆ ಅಡುಗೆಮನೆಯಲ್ಲಿ ನಿಲ್ಲುವ ಉಪಾಯ ಬೇಡ.

ಉತ್ತರ (ಸ್ಯಾನ್ ಆಂಟೋನಿಯೋದಿಂದ)

ಮೊದಲು ಖಾರದ ವಿಚಾರವನ್ನು ಮುಗಿಸಿಬಿಡೋಣ, ಏಕೆಂದರೆ ಇಲ್ಲಿಗೆ ಬಂದ ಹೊಸದರಲ್ಲಿ ನಾನೂ ಅದೇ ಹಳ್ಳಕ್ಕೆ ಬಿದ್ದವಳು. ಅಮೆರಿಕದ ಅಂಗಡಿಯಲ್ಲಿ ಚಿಲ್ಲಿ ಪೌಡರ್ ಎಂದು ಸಿಗುವುದು ನಮ್ಮ ಖಾರದ ಪುಡಿಯಲ್ಲ. ಸಾರಿನ ಪುಡಿಯ ಹಾಗೆ ಅದೂ ಒಂದು ಕೂಡಿಸಿದ ಪುಡಿ. ಖಾರ ಕಡಿಮೆಯಿರುವ ಒಣಮೆಣಸಿನ ಪುಡಿಗೆ ಜೀರಿಗೆ, ಒರೆಗಾನೊ, ಬೆಳ್ಳುಳ್ಳಿ ಪುಡಿ ಮತ್ತು ಕೆಲವು ತಯಾರಿಕೆಗಳಲ್ಲಿ ಉಪ್ಪನ್ನೂ ಬೆರೆಸಿರುತ್ತಾರೆ. ನಮ್ಮೂರಿಗೆ ಹತ್ತಿರದ ನ್ಯೂ ಬ್ರಾನ್‌ಫೆಲ್ಸ್‌ನಲ್ಲಿ ಹೋಟೆಲು ನಡೆಸುತ್ತಿದ್ದ ಜರ್ಮನ್ ವಲಸಿಗ ವಿಲಿಯಂ ಗೆಬ್‌ಹಾರ್ಟ್, ಮೆಕ್ಸಿಕೋದಿಂದ ತರಿಸಿದ ಒಣಮೆಣಸನ್ನು ಪುಡಿ ಮಾಡಿ 1890ರ ದಶಕದಲ್ಲಿ ಮಾರಲು ಆರಂಭಿಸಿದ ಮೇಲೆ ಈ ಪುಡಿ ಮನೆಮನೆಯನ್ನು ಹೊಕ್ಕಿತು. ಆದ್ದರಿಂದ ಎರಡು ದೊಡ್ಡ ಚಮಚ ಎಂಬ ಅಳತೆ ಅವರ ಪುಡಿಗೆ ಸರಿ, ನಮ್ಮದಕ್ಕೆ ಅದು ಶಿಕ್ಷೆ. ಅಂಗಡಿಯದು ಬೇಡವೆಂದರೆ, ಒಂದೂವರೆ ಪೌಂಡ್ ಕೈಮಾಕ್ಕೆ ಒಂದು ದೊಡ್ಡ ಚಮಚ ಬ್ಯಾಡಗಿ ಮೆಣಸಿನ ಪುಡಿ, ಎರಡು ಸಣ್ಣ ಚಮಚ ಹುರಿದು ಪುಡಿ ಮಾಡಿದ ಜೀರಿಗೆ, ಒಂದೊಂದು ಸಣ್ಣ ಚಮಚ ಒರೆಗಾನೊ ಮತ್ತು ಬೆಳ್ಳುಳ್ಳಿ ಪುಡಿ ಹಾಕಿ ನೋಡಿ. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಇಲ್ಲಿನವರು ಬಳಸುವ ಆಂಚೋ ಮೆಣಸಿನಲ್ಲಿರುವ ಒಣದ್ರಾಕ್ಷಿಯಂಥ ಸಿಹಿ ಅದರಲ್ಲಿಲ್ಲ ಎಂಬುದನ್ನು ಬಿಟ್ಟರೆ ಕೆಲಸ ಚೆನ್ನಾಗಿ ನಡೆಯುತ್ತದೆ. ಧನಿಯಾ, ಗರಂ ಮಸಾಲೆಗಳ ಡಬ್ಬಿಯ ಕಡೆ ಮಾತ್ರ ಕೈ ಚಾಚಬೇಡಿ. ಅವನ್ನು ಹಾಕಿದರೆ ರುಚಿ ಕೆಡುವುದಿಲ್ಲ, ಆದರೆ ಮಕ್ಕಳು ಕೇಳಿದ ಕ್ಯಾಸೆರೋಲ್ ಹೋಗಿ ಚೀಸ್ ಹಾಕಿದ ಕೈಮಾ ಪಲ್ಯ ಸಿದ್ಧವಾಗುತ್ತದೆ.

ಇನ್ನು ನೀರಿನ ವಿಚಾರ. ಓವನ್ ಈ ನೀರನ್ನು ಆರಿಸುತ್ತದೆಯೆಂದು ನಂಬಿಕೊಂಡಿರುವುದೇ ಮೂಲ ತಪ್ಪು ಎಂದು ನನ್ನ ಅಭಿಪ್ರಾಯ. ಮೇಲೆ ಚೀಸ್ ಕರಗಿ ಮುಚ್ಚಳದಂತೆ ಕೂತ ಮೇಲೆ ಒಳಗಿನ ತೇವಕ್ಕೆ ಹೊರಗೆ ದಾರಿಯಿಲ್ಲ. ಅದು ಅಡಿಗೆ ಇಳಿಯುತ್ತದೆ. ಒಣಗಬೇಕಾದದ್ದೆಲ್ಲ ಒಲೆಯ ಮೇಲೆ, ಬಾಣಲೆಯಲ್ಲೇ ಒಣಗಬೇಕು. ನಿಮ್ಮ ಮನೆಯಲ್ಲಿರುವ ಅತಿ ಅಗಲದ ದಪ್ಪ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಒಂದೂವರೆ ಪೌಂಡ್, ಅಂದರೆ ಸುಮಾರು 680 ಗ್ರಾಂ ಕೈಮಾವನ್ನು ಹರಡಿ, ನಾಲ್ಕು ನಿಮಿಷ ಅದನ್ನು ಮುಟ್ಟದೆ ಬಿಡಿ. ಆರಂಭದಲ್ಲಿ ಮಾಂಸ ನೀರು ಬಿಟ್ಟು ಗುಳುಗುಳು ಎಂದು ಕುದಿಯುತ್ತದೆ, ಬಣ್ಣ ಬೂದಿಯಾಗುತ್ತದೆ; ಬಹಳ ಜನ ಇಲ್ಲಿಯೇ ಬೆಂದಿತೆಂದು ಟೊಮೆಟೊ ಸುರಿಯುತ್ತಾರೆ. ಸುರಿಯಬೇಡಿ. ನೀರು ಇಂಗಿದೊಡನೆ ಸದ್ದು ಬದಲಾಗುತ್ತದೆ: ಗುಳುಗುಳು ನಿಂತು, ಒಗ್ಗರಣೆಗೆ ಸಾಸಿವೆ ಹಾಕಿದಾಗಿನಂತೆ ಚಟಪಟ ಶುರುವಾಗುತ್ತದೆ. ಆ ಸದ್ದು ಕೇಳಿದ ಮೇಲೆ ಇನ್ನೂ ಮೂರು ನಾಲ್ಕು ನಿಮಿಷ ಹುರಿದರೆ ಅಂಚುಗಳು ಕಂದು ಬಣ್ಣಕ್ಕೆ ತಿರುಗಿ, ಅಡಿಯಲ್ಲಿ ರುಚಿಯಾದ ಕಂದು ಪದರ ಕಟ್ಟುತ್ತದೆ. ಇಷ್ಟು ಹುರಿದರೆ, ಕೈಮಾಕ್ಕೆ ಅಗತ್ಯವೆಂದು ಇಲ್ಲಿನ ಕೃಷಿ ಇಲಾಖೆ ಹೇಳುವ 160 ಡಿಗ್ರಿ ಫ್ಯಾರನ್‌ಹೀಟ್ (71 ಸೆಲ್ಸಿಯಸ್) ಶಾಖ ತಾನಾಗಿ ದಾಟಿರುತ್ತದೆ.

ಕೈಮಾ ಪ್ಯಾಕೆಟ್ಟಿನ ಮೇಲೆ 80/20 ಎಂದಿದ್ದರೆ ಅದರಲ್ಲಿ ಐದರಲ್ಲೊಂದು ಪಾಲು ಕೊಬ್ಬು. ಅದಕ್ಕೆ ಹೆದರಿ 93/7 ತಂದರೆ ಬೇಯಿಸಿದ ಮೇಲೆ ಮರಳು ಮರಳಾಗುತ್ತದೆ. 85/15 ಒಳ್ಳೆಯ ಮಧ್ಯದ ದಾರಿ. ಹುರಿದಾದ ಮೇಲೆ ಬಾಣಲೆಯನ್ನು ಓರೆ ಮಾಡಿ, ಒಂದು ದೊಡ್ಡ ಚಮಚದಷ್ಟು ಕೊಬ್ಬನ್ನು ಉಳಿಸಿಕೊಂಡು ಮಿಕ್ಕದ್ದನ್ನು ಖಾಲಿ ಡಬ್ಬಿಗೆ ತೆಗೆದಿಡಿ. ಸಿಂಕಿಗೆ ಸುರಿದರೆ ತಣ್ಣಗಾದ ಮೇಲೆ ಕೊಳವೆಯೊಳಗೆ ಗಟ್ಟಿಯಾಗಿ ಕೂರುತ್ತದೆ. ಉಳಿದ ಕೊಬ್ಬಿನಲ್ಲಿ ಹೆಚ್ಚಿದ ಈರುಳ್ಳಿ ಬಾಡಿಸಿ, ಮಸಾಲೆಪುಡಿಯನ್ನು ಅರ್ಧ ನಿಮಿಷ ಹುರಿಯಿರಿ. ಒಗ್ಗರಣೆಯ ಮರ್ಮ ಬಲ್ಲ ನಿಮಗೆ ಇದನ್ನು ವಿವರಿಸಬೇಕಿಲ್ಲ. ಇಲ್ಲಿನ ಅನೇಕರು ಪುಡಿಯನ್ನು ಟೊಮೆಟೊ ರಸದ ಮೇಲೆ ಉದುರಿಸಿ ಅದು ಹಸಿ ಹಸಿಯಾಗಿ ನಾರುವಂತೆ ಮಾಡುತ್ತಾರೆ.

ನಂತರ ಹಸಿಮೆಣಸು ಬೆರೆತ ಟೊಮೆಟೊ ಡಬ್ಬಿ. ಟೆಕ್ಸಾಸ್‌ನ ಎಲ್ಸಾ ಎಂಬ ಪುಟ್ಟ ಊರಿನಲ್ಲಿ 1940ರ ದಶಕದಲ್ಲಿ ಹುಟ್ಟಿದ ರೋಟೆಲ್ ಈ ಕೆಲಸಕ್ಕೆ ಹೆಸರುವಾಸಿ; 10 ಔನ್ಸಿನ ಡಬ್ಬಿ ಒಂದು ಸಾಕು, ಮಕ್ಕಳಿಗಾದರೆ ‘ಮೈಲ್ಡ್’ ಎಂದು ಬರೆದಿರುವುದನ್ನೇ ತನ್ನಿ. ಜೊತೆಗೆ 8 ಔನ್ಸ್ ಟೊಮೆಟೊ ಸಾಸ್. ಬಾಣಲೆಯ ನಡುವೆ ಸೌಟಿನಿಂದ ಗೆರೆ ಎಳೆದಾಗ ಆ ದಾರಿ ಕೂಡಲೇ ಮುಚ್ಚಿಕೊಳ್ಳದೆ ಒಂದು ಕ್ಷಣ ತೆರೆದೇ ಇರಬೇಕು. ಅಲ್ಲಿಯವರೆಗೆ ಮುಚ್ಚಳ ಹಾಕದೆ ಕುದಿಸಿ. ಬೀನ್ಸ್ ಡಬ್ಬಿಯ ಲೋಳೆ ನೀರನ್ನು ಬಸಿದು, ತೊಳೆದು ಹಾಕಿ. ಫ್ರೀಜರಿನ ಮೆಕ್ಕೆಜೋಳದ ಕಾಳುಗಳನ್ನು ಹಾಗೆಯೇ ಪದರಕ್ಕೆ ಹಾಕಿದ್ದೀರಾ? ಹಾಗಿದ್ದರೆ ನಿಮ್ಮ ಕೆಂಪು ನೀರಿನ ಅರ್ಧ ಪಾಲು ಅದರದೇ. ಅದನ್ನೂ ಬಿಸಿ ಬಾಣಲೆಯಲ್ಲಿ ಎರಡು ನಿಮಿಷ ಆಡಿಸಬೇಕು. ಇಲ್ಲಿನವರು 1977ರಲ್ಲಿ ರಾಜ್ಯದ ಅಧಿಕೃತ ಖಾದ್ಯವಾದ ಚಿಲ್ಲಿಗೆ, ಅಂದರೆ ಮೆಣಸು ಹಾಕಿ ಕುದಿಸಿದ ಮಾಂಸದ ಗಟ್ಟಿ ಸಾರಿಗೆ, ಬೀನ್ಸ್ ಹಾಕಿದರೆ ಜಗಳಕ್ಕೇ ಬರುತ್ತಾರೆ; ಪುಣ್ಯಕ್ಕೆ ಕ್ಯಾಸೆರೋಲ್‌ಗೆ ಆ ಮಡಿಯಿಲ್ಲ.

ಉತ್ತರ (ಹ್ಯೂಸ್ಟನ್‌ನಿಂದ)

ಮೇಲಿನವರು ಹೇಳಿದ್ದಕ್ಕೆ ನನ್ನದೇನೂ ತಕರಾರಿಲ್ಲ, ಆದರೆ ಟಾರ್ಟಿಯಾದ ಬಗ್ಗೆ ಅವರು ಏನೂ ಹೇಳಲಿಲ್ಲ. ನೀವು ಮಂಗಳೂರಿನವರಾದ್ದರಿಂದ ಒಂದೇ ಮಾತಿನಲ್ಲಿ ಹೇಳಬಹುದು: ಕೋರಿ ರೊಟ್ಟಿಯ ರೊಟ್ಟಿ ಗರಿಗರಿಯಾಗಿರುವುದರಿಂದಲೇ ಸಾರು ಹೀರಿಯೂ ಬಾಯಿಗೆ ಸಿಗುತ್ತದೆ, ಮೆತ್ತಗಿನ ನೀರುದೋಸೆಯ ಮೇಲೆ ಅದೇ ಸಾರು ಸುರಿದು ಅರ್ಧ ಗಂಟೆ ಬಿಟ್ಟರೆ ಏನಾಗುತ್ತದೆಯೋ ನಿಮ್ಮ ಟಾರ್ಟಿಯಾಗೆ ಅದೇ ಆಗಿದೆ. ಮೈದಾದ ಟಾರ್ಟಿಯಾವನ್ನಂತೂ ಇದಕ್ಕೆ ಬಳಸಲೇಬೇಡಿ, ಅದು ಅಂಟಾಗುತ್ತದೆ. ಮೆಕ್ಕೆಜೋಳದ್ದೇ ಆಗಬೇಕು. ಮೆಕ್ಸಿಕೋದವರು ಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಹಾಕಿ, ತೊಳೆದು, ಆಮೇಲೆ ರುಬ್ಬುತ್ತಾರೆ. ವೀಳ್ಯದೆಲೆಗೆ ಸವರುವ ಸುಣ್ಣದ ಜಾತಿಯದೇ ಅದು. ಸುಣ್ಣ ಬಿದ್ದದ್ದರಿಂದಲೇ ಸಿಪ್ಪೆ ಬಿಟ್ಟು, ಹಿಟ್ಟಿಗೆ ಕಟ್ಟುವ ಗುಣ ಬರುತ್ತದೆ, ಆ ವಿಶಿಷ್ಟ ಘಮವೂ ಬರುತ್ತದೆ.

ನಾನು ಮಾಡುವ ಕ್ರಮ ಹೀಗಿದೆ. ಮನೆಗೆ ಬಂದೊಡನೆ, ಚಪ್ಪಲಿ ಬಿಟ್ಟು ಕೈ ತೊಳೆದು, ಓವನ್ನನ್ನು 375 ಡಿಗ್ರಿ ಫ್ಯಾರನ್‌ಹೀಟ್‌ಗೆ (190 ಸೆಲ್ಸಿಯಸ್) ಹಚ್ಚುತ್ತೇನೆ. ಹನ್ನೆರಡು ಟಾರ್ಟಿಯಾಗಳಿಗೆ ತೆಳ್ಳಗೆ ಎಣ್ಣೆ ಸವರಿ, ಓವನ್ ಕಾದ ಮೇಲೆ ಅದರ ಜಾಲರಿಯ ಮೇಲೆಯೇ ಹರಡಿದರೆ, ಕೈಮಾ ಹುರಿಯುವ ಹೊತ್ತಿಗೆ ಅವು ಏಳೆಂಟು ನಿಮಿಷದಲ್ಲಿ ಅರ್ಧ ಗರಿಯಾಗಿರುತ್ತವೆ. ಹಪ್ಪಳದಷ್ಟು ಗರಿಯಾಗಬೇಕಿಲ್ಲ, ಬಗ್ಗಿಸಿದರೆ ಬಗ್ಗದೆ ಬಿರುಕು ಬಿಟ್ಟರೆ ಸಾಕು. 9 ಇಂಚು ಅಗಲ, 13 ಇಂಚು ಉದ್ದದ ಟ್ರೇಯ ತಳಕ್ಕೆ ಸಾಸ್ ತೆಳ್ಳಗೆ ಸವರಿ, ಮುರಿದ ಟಾರ್ಟಿಯಾ, ಅರ್ಧ ಕೈಮಾ, ಅರ್ಧ ಚೀಸ್, ಮತ್ತೆ ಅದೇ ಸರದಿ. ಮೇಲೆ ಫಾಯಿಲ್ ಮುಚ್ಚಬೇಡಿ. ಮುಚ್ಚಿದರೆ ಆವಿ ಹನಿಯಾಗಿ ವಾಪಸು ಬೀಳುತ್ತದೆ. ಒಳಗಿರುವುದೆಲ್ಲ ಮೊದಲೇ ಬೆಂದಿರುವುದರಿಂದ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಇಪ್ಪತ್ತೈದು. ಹೊರತೆಗೆದ ಮೇಲೆ ಹತ್ತು ನಿಮಿಷ ಕತ್ತರಿಸದೆ ಬಿಡುವುದು ಅತಿ ಕಷ್ಟದ ಕೆಲಸ, ಏಕೆಂದರೆ ಆ ಹೊತ್ತಿಗೆ ಎಲ್ಲರೂ ತಟ್ಟೆ ಹಿಡಿದು ನಿಂತಿರುತ್ತಾರೆ. ಆದರೂ ಬಿಡಿ; ಪದರಗಳು ಕಟ್ಟಿಕೊಳ್ಳುವುದು ಆ ಹತ್ತು ನಿಮಿಷದಲ್ಲೇ.

ಟಾರ್ಟಿಯಾ ಸುಡುವಷ್ಟೂ ಪುರುಸೊತ್ತಿಲ್ಲದ ದಿನ, 1932ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ಆರಂಭವಾದ ಫ್ರಿಟೋಸ್ ಚಿಪ್ಸನ್ನು ಕೊನೆಯ ಐದು ನಿಮಿಷಕ್ಕೆ ಮೇಲೆ ಉದುರಿಸುತ್ತೇನೆ. ಅದರಲ್ಲಿ ಉಪ್ಪಿರುವುದರಿಂದ ಕೈಮಾಕ್ಕೆ ಉಪ್ಪು ಕಡಿಮೆ ಮಾಡಬೇಕು.

ಉತ್ತರ (ಆಸ್ಟಿನ್‌ನಿಂದ)

ನನ್ನದು ಚೀಸಿನ ಬಗ್ಗೆ ಒಂದೇ ಮಾತು, ಅನ್ನದ ಬಗ್ಗೆ ಇನ್ನೊಂದು. ತುರಿದು ಚೀಲದಲ್ಲಿ ತುಂಬಿದ ಚೀಸಿಗೆ, ಎಳೆಗಳು ಒಂದಕ್ಕೊಂದು ಅಂಟದಿರಲೆಂದು ಆಲೂಗಡ್ಡೆಯ ಪಿಷ್ಟವನ್ನೋ ಸೆಲ್ಯುಲೋಸನ್ನೋ ಸವರಿರುತ್ತಾರೆ. ಅದು ಗಟ್ಟಿ ತುಂಡಿನಿಂದ ಆಗ ತಾನೇ ತುರಿದದ್ದರಷ್ಟು ನುಣುಪಾಗಿ ಕರಗುವುದಿಲ್ಲ. ಚೆಡ್ಡರ್ ನಾಲ್ಕು ಔನ್ಸ್, ಮಾಂಟೆರೇ ಜ್ಯಾಕ್ ನಾಲ್ಕು ಔನ್ಸ್ ತುರಿದುಕೊಳ್ಳಲು ಮೂರು ನಿಮಿಷ ಸಾಕು, ಅದನ್ನು ದೊಡ್ಡ ಮಗುವಿಗೆ ಒಪ್ಪಿಸಬಹುದು. ಅನ್ನದ ಮಾತೆಂದರೆ, ಹ್ಯೂಸ್ಟನ್‌ನವರ ಟಾರ್ಟಿಯಾ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮಂಥವರ ಮನೆಯಲ್ಲಿ ಫ್ರಿಜ್ ತೆಗೆದರೆ ನಿನ್ನೆಯ ಅನ್ನ ಇದ್ದೇ ಇರುತ್ತದೆ. ಎರಡು ಕಪ್ ತಣ್ಣನೆಯ ಅನ್ನವನ್ನು ತಳಕ್ಕೆ ಹರಡಿದರೆ ಇಳಿದ ರಸವನ್ನೆಲ್ಲ ಅದೇ ಕುಡಿಯುತ್ತದೆ. ಹಸಿ ಅಕ್ಕಿ ಹಾಕುವ ಕ್ರಮಗಳೂ ಉಂಟು. ವಾರದ ನಡುವೆ ಅದರ ಸಹವಾಸ ಬೇಡ, ಮೇಲೆ ಚೀಸ್ ಕರಿದಾದರೂ ಒಳಗೆ ಅಕ್ಕಿ ಕಟಕಟ ಎನ್ನುತ್ತಿರುತ್ತದೆ.

ಉತ್ತರ (ಡಲ್ಲಾಸ್‌ನಿಂದಲೇ)

ಸಮಯ ಉಳಿಸುವುದಕ್ಕಾಗಿ ಭಾನುವಾರವೇ ಪೂರ್ತಿ ಟ್ರೇ ಜೋಡಿಸಿ ಫ್ರೀಜರಿಗೆ ಹಾಕುವ ಸಲಹೆಯನ್ನು ನಿಮಗೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ನಾನೂ ಹಾಗೆ ಮಾಡಿ, ಒಂದು ಬುಧವಾರ ಫ್ರೀಜರಿನಿಂದ ತೆಗೆದ ಗಾಜಿನ ಟ್ರೇಯನ್ನು ನೇರವಾಗಿ ಕಾದ ಓವನ್ನಿಗೆ ಇಟ್ಟೆ. ಹತ್ತು ನಿಮಿಷ ಕಳೆದಿರಬೇಕು, ಒಳಗಿನಿಂದ ಪಟಾಕಿ ಸಿಡಿದಂಥ ಸದ್ದು ಕೇಳಿಸಿತು. ಬಾಗಿಲು ತೆರೆದರೆ ಟ್ರೇ ಎರಡು ಹೋಳಾಗಿ, ಚೀಸಿನ ನಡುವೆ ಗಾಜಿನ ಚೂರುಗಳು ಹೊಳೆಯುತ್ತಿದ್ದವು. ಆ ರಾತ್ರಿ ಮೊಸರನ್ನವೇ ಗತಿಯಾಯಿತು. ತಪ್ಪು ಟ್ರೇಯದ್ದಲ್ಲ, ನನ್ನದು. ಅಷ್ಟು ತಣ್ಣಗಿನ ಗಾಜಿಗೆ ಒಮ್ಮೆಲೇ ಅಷ್ಟು ಬಿಸಿ ತಗುಲಿದರೆ ಅದು ತಾಳುವುದಿಲ್ಲ.

ಅಂದಿನಿಂದ ಕೈಮಾ ಮಸಾಲೆಯನ್ನು ಮಾತ್ರ ಭಾನುವಾರ ಎರಡು ಪಾಲು ಮಾಡಿ, ತಣಿಸಿ, ಒಂದು ಪಾಲನ್ನು ಚೀಲದಲ್ಲಿ ಚಪ್ಪಟೆಯಾಗಿ ತಟ್ಟಿ ಫ್ರೀಜರಿಗೆ ಇಡುತ್ತೇನೆ. ಹಿಂದಿನ ರಾತ್ರಿ ಅದನ್ನು ಫ್ರಿಜ್ಜಿಗೆ ಇಳಿಸಿದರೆ ಸಂಜೆಗೆ ಕರಗಿರುತ್ತದೆ. ಬಾಣಲೆಯಲ್ಲಿ ಮತ್ತೊಮ್ಮೆ ಕುದಿ ಬರಿಸಿ, ಬಿಟ್ಟ ನೀರು ಇಂಗಿಸಿ, ಆಮೇಲೆ ಟಾರ್ಟಿಯಾ, ಚೀಸ್ ಜೋಡಿಸುವುದು. ಉಳಿದ ಕ್ಯಾಸೆರೋಲನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ನಾಲ್ಕು ದಿನದೊಳಗೆ, ನಡುಭಾಗವೂ ಹೊಗೆಯಾಡುವಂತೆ, ಅಂದರೆ 165 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ (74 ಸೆಲ್ಸಿಯಸ್) ಬಿಸಿ ಮಾಡಿ ಮುಗಿಸಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಸಾರೆ ವಂದನೆಗಳು. ಮಂಗಳವಾರ ಮಾಡಿದೆ. ಆರು ಗಂಟೆ ಐದು ನಿಮಿಷಕ್ಕೆ ಓವನ್ ಹಚ್ಚಿದ್ದು, ಏಳು ಹತ್ತಕ್ಕೆ ಮೇಜಿನ ಮೇಲೆ ಟ್ರೇ ಇತ್ತು. ಜೋಳದ ವಿಚಾರವನ್ನು ಸ್ಯಾನ್ ಆಂಟೋನಿಯೋದವರು ಕಣ್ಣಾರೆ ಕಂಡವರಂತೆ ಹೇಳಿದ್ದಾರೆ. ಒಂದು ಕಪ್ ಜೋಳವನ್ನು ಹಿಮದ ಸಮೇತ ಪದರಕ್ಕೆ ಸುರಿದಿದ್ದೆ. ಈ ಸಲ ಬಾಣಲೆಯ ಮುಂದೆ ನಿಂತು ಆ ಸದ್ದು ಬದಲಾಗುವುದನ್ನು ಕಾದೆ. ಅದಕ್ಕೆ ನಿಜಕ್ಕೂ ಒಂಬತ್ತು ನಿಮಿಷ ಹಿಡಿಯಿತು. ಹಿಂದಿನ ಎರಡು ಸಲವೂ ನಾನು ಐದನೆಯ ನಿಮಿಷಕ್ಕೇ ಅವಸರಪಟ್ಟಿದ್ದೆ. ಖಾರಕ್ಕೆ ಬ್ಯಾಡಗಿ ಪುಡಿಯ ಲೆಕ್ಕವನ್ನೇ ಹಾಕಿದೆ, ಚಿಕ್ಕವಳು ಮೇಲೊಂದು ಚಮಚ ಸಾರ್ ಕ್ರೀಮ್ ಹಾಕಿಸಿಕೊಂಡು ಎರಡು ಸಲ ಬಡಿಸಿಕೊಂಡಳು. ತುಂಡು ಕತ್ತರಿಸಿದಾಗ ಅಡಿಯಲ್ಲಿ ನೀರಿನ ಸುಳಿವಿರಲಿಲ್ಲ. ಚೀಸ್ ಅಂಚಿಗೆ ಹತ್ತಿ ಗರಿಯಾದ ಮೂಲೆಯ ತುಂಡಿಗಾಗಿ ಮಾತ್ರ ಅಕ್ಕತಂಗಿಯರಿಗೆ ಜಗಳವಾಯಿತು. ಟ್ರೇಗೆ ನಾಲ್ಕೇ ಮೂಲೆಗಳು, ಅದರಲ್ಲೊಂದನ್ನು ಅವರಪ್ಪ ಸದ್ದಿಲ್ಲದೆ ಮುಗಿಸಿದ್ದರು.

ಈ ಭಾನುವಾರ ಎರಡು ಪಾಲು ಮಾಡಿಡುವ ಯೋಚನೆಯಿದೆ. ಮೂರು ಪೌಂಡ್ ಕೈಮಾ ನನ್ನ ಬಾಣಲೆಯಲ್ಲಿ ಒಟ್ಟಿಗೆ ಹಿಡಿಸಿದರೂ ಹುರಿಯುವ ಬದಲು ಬೇಯುತ್ತದೆ ಎಂದು ತೋರುವುದರಿಂದ, ಎರಡು ಸಲಕ್ಕೆ ಹುರಿಯುತ್ತೇನೆ. ಟ್ರೇ ಅಲ್ಯೂಮಿನಿಯಂನದು ತಂದಿದ್ದೇನೆ.