ಕರೆದ ಹಾಲನ್ನು ‘ಆರಿಸುವುದೋ’ ‘ತಣಿಸುವುದೋ’?

ಬಲ್ಲವರಿಗೆ ನಮಸ್ಕಾರ.

ಒಂದು ಕ್ರಿಯಾಪದಕ್ಕೆ ಸಿಕ್ಕಿಕೊಂಡು ನಾಲ್ಕು ದಿನವಾಯಿತು. ಕರೆಂಟು, ಫ್ರಿಜ್ಜು ಬರುವುದಕ್ಕೆ ಮುಂಚೆ ಅಮೆರಿಕದ ಪೆನ್ಸಿಲ್ವೇನಿಯಾ ಕಡೆಯ ರೈತರು ಹಾಲನ್ನು ಕೆಡದಂತೆ ಹೇಗೆ ಇಟ್ಟುಕೊಳ್ಳುತ್ತಿದ್ದರು ಅನ್ನುವ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಸಾಲನ್ನೇ “ಕರೆದ ಹಾಲನ್ನು ಕೂಡಲೇ ಆರಿಸಬೇಕು” ಎಂದು ಬರೆದೆ. ಕರಡು ಓದಿದ ತಂಗಿಯ ಮಗ, “ಅಕ್ಕಿ ಆರಿಸ್ತಾರೆ ಸರಿ, ಹಾಲಲ್ಲಿ ಏನು ಆರಿಸ್ತೀರ ದೊಡ್ಡಮ್ಮ, ಕಲ್ಲಾ?” ಅಂದ. ನಕ್ಕೆ. ಆದರೆ ಅಂದಿನಿಂದ ಆ ಸಾಲು ಓದಿದಾಗಲೆಲ್ಲ ಮೊರ ಹಿಡಿದು ಕೂತ ಹೆಂಗಸೇ ಕಣ್ಣಮುಂದೆ ಬರುತ್ತಾಳೆ.

ಹಳಗನ್ನಡದಲ್ಲಿ ಈ ಗೊಂದಲ ಇರಲಿಲ್ಲ. ಬಿಸಿ ಇಳಿಯುವ, ದೀಪ ನಂದುವ, ಒದ್ದೆ ಒಣಗುವ ‘ಆಱು’ ಶಕಟರೇಫದ್ದು, ಅಂದರೆ ಈಗ ಬಳಕೆಯಲ್ಲಿಲ್ಲದ ಱ ಅಕ್ಷರದ್ದು. ಆಯುವ ‘ಆರಿಸು’ ಬೇರೆ. ಱಕಾರ ಬಿಟ್ಟುಹೋಗಿ ಎರಡೂ ಒಂದೇ ಅಂಗಿ ತೊಟ್ಟುಕೊಂಡವು. ಬಾಯಾರಿಕೆಯಲ್ಲಿರುವುದೂ ಇದೇ ಆಱು.

ತಂಗಿಯ ಮಗನ ತಮಾಷೆ ಬಿಡಿ, ಸಂದರ್ಭ ನೋಡಿ ಓದುಗರು ಅರ್ಥ ಮಾಡಿಕೊಂಡಾರು. ನನ್ನ ತೊಡಕು ಇನ್ನೂ ಒಳಗಿನದು. ಒಲೆಯ ಮೇಲೆ ಕಾಯದೆ ಇರುವ ವಸ್ತು ‘ಆರುತ್ತದೆ’ ಅನ್ನಬಹುದೇ? ಕಾಫಿ ಆರುತ್ತದೆ, ಅನ್ನ ಆರುತ್ತದೆ, ಮುದ್ದೆ ಆರುತ್ತದೆ. ‘ಕಾದಾರಿದ ನೀರು’ ಅನ್ನುತ್ತೇವೆ. ಬಾಣಂತಿಗೆ, ಜ್ವರ ಬಂದವರಿಗೆ ಕೊಡುವ ನೀರು ಅದು. ಹೆಸರಿನಲ್ಲೇ ಮೊದಲು ಕಾಯುವುದು, ಆಮೇಲೆ ಆರುವುದು. ಬಾವಿಯಿಂದ ಈಗಷ್ಟೇ ಸೇದಿದ್ದು ಎಷ್ಟೇ ತಣ್ಣಗಿದ್ದರೂ ತಣ್ಣೀರೇ ಹೊರತು ಆರಿದ ನೀರಲ್ಲ. ಹಾಗಾದರೆ ಕೆಚ್ಚಲಿನಿಂದ ಸುಮಾರು 38 ಡಿಗ್ರಿ ಬಿಸಿಯಲ್ಲಿ ಇಳಿಯುವ ಹಾಲು? ಅದು ಬಿಸಿ ಹೌದು, ಆದರೆ ಕಾದದ್ದಲ್ಲ. ನಮ್ಮ ಮಾತಿನಲ್ಲಿ ಅದು ‘ಹಸಿ ಹಾಲು’, ‘ನೊರೆ ಹಾಲು’. ‘ಬಿಸಿ ಹಾಲು’ ಅಂದರೆ ಒಲೆಯಿಂದ ಇಳಿಸಿದ್ದು ಅಂತಲೇ ಎಲ್ಲರೂ ತಿಳಿಯುವುದು.

ಇಲ್ಲಿ ನಮ್ಮಜ್ಜಿಯ ಮಾತೊಂದು ನೆನಪಿಗೆ ಬಂತು. ತಿಪಟೂರಿನ ಹತ್ತಿರದ ಹಳ್ಳಿ. ಸಂಜೆ ಹಾಲು ಕರೆದು ತಂದ ತಕ್ಷಣ ಒಳಗೆ ಕೂಗಿ ಹೇಳುತ್ತಿದ್ದರು: “ಕೆಚ್ಚಲ ಬಿಸಿ ಆರೋಕೆ ಮುಂಚೆ ಒಲೆಗಿಡ್ರೇ.” ಕೆಚ್ಚಲ ಬಿಸಿ! ಇಲ್ಲಿ ಆರುತ್ತಿರುವುದು ಹಾಲಲ್ಲ, ಬಿಸಿ. ‘ಕೆಚ್ಚಲ ಬಿಸಿ ಆರಿಸಬೇಕು’ ಎಂದು ಬರೆದರೆ ವ್ಯಾಕರಣವೂ ಸರಿ, ಮೊರದ ಹೆಂಗಸೂ ಮಾಯ. ಆದರೆ ನೋಡಿ, ಅಜ್ಜಿ ಅದೇ ಮಾತಿನಲ್ಲಿ ನನ್ನ ಬರಹದ ರೈತರಿಗೆ ತದ್ವಿರುದ್ಧವಾದದ್ದನ್ನು ಹೇಳುತ್ತಿದ್ದರು. ಆ ರೈತರು ಬಿಸಿ ಬೇಗ ಹೋಗಲಿ ಅಂತ ತಣ್ಣನೆಯ ಒರತೆ ನೀರಿಗಿಡುತ್ತಿದ್ದರು. ನಮ್ಮವರು ಅದು ಹೋಗುವುದರೊಳಗೆ ಬೆಂಕಿಗಿಡುತ್ತಿದ್ದರು.

ನನ್ನ ಗುಮಾನಿ ಇಷ್ಟೇ: ಕನ್ನಡದಲ್ಲಿ ಈ ಕೆಲಸಕ್ಕೆ ಸರಿಯಾದ ಪದ ಸಿಗದಿರುವುದಕ್ಕೆ ಭಾಷೆಯ ಬಡತನ ಕಾರಣವಲ್ಲ, ಆ ಕೆಲಸವೇ ನಮ್ಮಲ್ಲಿ ಇರಲಿಲ್ಲ. ಒರತೆಯ ನೀರು, ಆಳದ ಬಾವಿಯ ನೀರು ಆಯಾ ಊರಿನ ವರ್ಷದ ಸರಾಸರಿ ಬಿಸಿಗೆ ಹತ್ತಿರ ಇರುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಅದು 10ರಿಂದ 12 ಡಿಗ್ರಿ. ನಮ್ಮ ಬಯಲುಸೀಮೆಯಲ್ಲಿ 25ರ ಆಸುಪಾಸು. ಅಂಥ ನೀರಿನಲ್ಲಿ ಹಾಲಿಟ್ಟರೆ ಹುಳಿಯಾಗುವುದು ಒಂದಿಷ್ಟು ಹೊತ್ತು ತಡವಾದೀತು, ನಿಲ್ಲುವುದಿಲ್ಲ. ಹಾಗಾಗಿ ನಮ್ಮ ಮಾತಿನ ಸಿರಿಯೆಲ್ಲ ಒಲೆಯ ಕಡೆಗೇ ಹರಿಯಿತು: ಕಾಯಿಸು, ಉಕ್ಕು, ಕೆನೆಗಟ್ಟು, ಹದಬಿಸಿ, ಉಗುರುಬೆಚ್ಚಗೆ, ಹೆಪ್ಪು ಹಾಕು. ಹೊಸ ಮನೆಗೆ ಕಾಲಿಟ್ಟರೂ ಹಾಲು ಉಕ್ಕಿಸುತ್ತೇವೆ. ತೆನಾಲಿ ರಾಮಕೃಷ್ಣನ ಬೆಕ್ಕು ಕೂಡ ಬಿಸಿ ಹಾಲಿಗೇ ಬಾಯಿ ಸುಟ್ಟುಕೊಂಡದ್ದು.

ತಣ್ಣಗೆ ಇಡಲು ನಾವು ಏನೂ ಮಾಡುತ್ತಲೇ ಇರಲಿಲ್ಲವೆಂದಲ್ಲ. ಕಾಯಿಸಿದ ಹಾಲಿನ ಗಡಿಗೆಯನ್ನು ನೀರು ತುಂಬಿದ ಅಗಲ ತಟ್ಟೆಯಲ್ಲಿ ಇಡುತ್ತಿದ್ದರು, ಬಾಯಿಗೆ ತೆಳ್ಳನೆ ಒದ್ದೆ ಬಟ್ಟೆ ಕಟ್ಟುತ್ತಿದ್ದರು. ತಟ್ಟೆಯ ನೀರು ಇರುವೆ ಹತ್ತದಿರಲಿ ಅಂತ; ತಂಪು ಅದರ ಜೊತೆಗೆ ಪುಕ್ಕಟೆ ಬಂದದ್ದು. ಇನ್ನು ಗಡಿಗೆ ತೂಗುಹಾಕುವ ನೆಲುವು (ಕೆಲವು ಕಡೆ ಸಿಕ್ಕ) ಬೆಕ್ಕಿಗೆ ಹೆದರಿ ಕಟ್ಟಿದ್ದು, ಗಾಳಿಯಾಡುವುದು ಅದರ ಲಾಭ. ಈ ಯಾವುದಕ್ಕೂ ಅಜ್ಜಿ ‘ಹಾಲು ತಣ್ಣಗೆ ಮಾಡೋದು’ ಅಂದದ್ದು ನಾನು ಕೇಳಿಲ್ಲ. “ಹಾಲು ಮುಚ್ಚಿಟ್ಟಿದೀನಿ” ಅನ್ನುತ್ತಿದ್ದರು, ಅಷ್ಟೇ.

ಒಂದೇ ಒಂದು ಸಲ ಹಾಲನ್ನು ಬಾವಿಗೆ ಇಳಿಬಿಟ್ಟದ್ದು ನೋಡಿದ್ದೇನೆ. ಮಾರನೆಯ ಬೆಳಗ್ಗೆ ಅಭಿಷೇಕಕ್ಕೆ ಹಸಿ ಹಾಲೇ ಬೇಕಿತ್ತು, ಕಾಯಿಸುವ ಹಾಗಿಲ್ಲ, ಬೇಸಿಗೆ ಬೇರೆ. ಚಿಕ್ಕಪ್ಪ ಹಿತ್ತಾಳೆ ಬಿಂದಿಗೆಯ ಕುತ್ತಿಗೆಗೆ ಹಗ್ಗ ಕಟ್ಟಿ, ನೀರಿನಲ್ಲಿ ಭುಜದವರೆಗೆ ಮುಳುಗುವಂತೆ ಇಳಿಸಿ, ಹಗ್ಗದ ತುದಿಯನ್ನು ರಾಟೆಯ ಕಂಬಕ್ಕೆ ಬಿಗಿದರು. ರಾತ್ರಿ ಯಾರೋ ನೀರು ಸೇದಲು ಹೋಗಿ ಕತ್ತಲಲ್ಲಿ ಗಂಟು ಸಡಿಲಿಸಿದರು. ಬೆಳಗ್ಗೆ ಬಗ್ಗಿ ನೋಡಿದರೆ ಬಾವಿಯ ನೀರು ಅಕ್ಕಿ ತೊಳೆದ ನೀರಿನಂತೆ ಮಸಕಾಗಿದೆ, ಬಿಂದಿಗೆ ಪತ್ತೆಯಿಲ್ಲ. “ಹಾಲೂ ಹಾಳು, ಬಾವೀನೂ ಹಾಳು” ಅಂದರು ಅಜ್ಜಿ. ಪಾತಾಳಗರಡಿ ಹಾಕಿ ಬಿಂದಿಗೆ ಎತ್ತಿದರು, ಬಾವಿಯನ್ನು ಎರಡು ಸಲ ಬರಿದು ಮಾಡಬೇಕಾಯಿತು.

ಈಗ ‘ತಣಿಸು’. ಸಾಲು ಬದಲಿಸಿ “ಹಾಲನ್ನು ತಣಿಸಬೇಕು” ಎಂದು ಬರೆದೆ. ನಿಘಂಟಿನ ಮಟ್ಟಿಗೆ ಏನೂ ತಪ್ಪಿಲ್ಲ, ತಣ್ ಎಂಬ ಬೇರೇ ಅಲ್ಲಿರುವುದು. ಆದರೆ ಇವತ್ತಿನ ಕಿವಿಗೆ ತಣಿಸುವುದು ಅಂದರೆ ಹಸಿವು ತಣಿಸುವುದು, ಬಾಯಾರಿಕೆ ತಣಿಸುವುದು, ಕೋಪ ತಣಿಸುವುದು. ಹಾಲು ನಮ್ಮನ್ನು ತಣಿಸುತ್ತದೆ. ನಾವು ಹಾಲನ್ನು ತಣಿಸುವುದು ಸ್ವಲ್ಪ ಹಾಡಿನ ಭಾಷೆಯಾಯಿತು. ‘ತಂಪು ಮಾಡು’ ಇನ್ನೂ ಕಷ್ಟ. “ಎಮ್ಮೆ ಹಾಲು ತಂಪು” ಅಂದರೆ ಥರ್ಮಾಮೀಟರಿನ ಲೆಕ್ಕವಲ್ಲ, ಮೈಗೆ ತಂಪು ಅಂತ. ಕುದಿಯುತ್ತಿರುವಾಗಲೂ ಅದು ತಂಪೇ! ‘ತಂಪು’ ಗುಣ, ‘ತಣ್ಣಗೆ’ ಸ್ಥಿತಿ. ಹಾಗಾಗಿ ‘ತಣ್ಣಗಾಗಿಸು’ ಉಳಿಯಿತು. ಅರ್ಥ ನಿಖರ, ಆದರೆ ಪ್ರತಿ ಸಾಲಿಗೂ ಬಂದರೆ ನಾಲಿಗೆ ತೊಡರುತ್ತದೆ.

ಅಂದ ಹಾಗೆ, ಫ್ರಿಜ್ಜನ್ನು ತಮಾಷೆಗೆ ‘ತಂಗಳ ಪೆಟ್ಟಿಗೆ’ ಅನ್ನುತ್ತೇವಲ್ಲ, ಆ ಹೆಸರು ಕಟ್ಟಿದವರಿಗೆ ಗೊತ್ತಿತ್ತೋ ಇಲ್ಲವೋ, ತಂಗಳು ಎಂದರೆ ತಣ್ + ಕೂಳು. ತಣ್ಣನೆಯ ಅನ್ನ. ಹಾಸ್ಯಕ್ಕೆ ಇಟ್ಟ ಹೆಸರು ವ್ಯುತ್ಪತ್ತಿಯ ಲೆಕ್ಕದಲ್ಲಿ ಪಕ್ಕಾ.

ಸರ್ಕಾರಿ ಕನ್ನಡದಲ್ಲಿ ಇದಕ್ಕೆ ಸಿದ್ಧ ಪದವಿದೆ: ಶೀತಲೀಕರಣ. 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ, 1965ರಲ್ಲಿ ಬೆಂಗಳೂರಿನಲ್ಲಿ ಡೇರಿಗಳಾದವು. 1974ರ ನಂತರ ವಿಶ್ವಬ್ಯಾಂಕಿನ ನೆರವಿನಿಂದ ಹಳ್ಳಿಹಳ್ಳಿಗೆ ಹಾಲಿನ ಸಂಘಗಳು ಬಂದವು. ರಸ್ತೆ ಬದಿಯಲ್ಲಿ ‘ಹಾಲು ಶೀತಲೀಕರಣ ಕೇಂದ್ರ’ದ ಬೋರ್ಡುಗಳೂ ಬಂದವು. ಬೋರ್ಡು ಓದುವವರು ಓದಿದರು, ಕ್ಯಾನು ಹೊರುವವರು ‘ಚಿಲ್ಲಿಂಗ್ ಸೆಂಟರ್’ ಅಂದರು. ಈಗ ಹಳ್ಳಿಯಲ್ಲೇ 4 ಡಿಗ್ರಿಗೆ ಇಳಿಸುವ ತೊಟ್ಟಿ ಬಂದಮೇಲೆ ಅದು ‘ಬಿಎಂಸಿ’ (ಬಲ್ಕ್ ಮಿಲ್ಕ್ ಕೂಲರ್). ಕಂಪ್ರೆಸರ್ ಇರುವ ಕಡೆ ಶೀತಲೀಕರಣ ಇರಲಿ, ನನ್ನ ತಕರಾರಿಲ್ಲ. ಆದರೆ 150 ವರ್ಷದ ಹಿಂದೆ ಒಬ್ಬ ರೈತನ ಹೆಂಡತಿ ಮಣ್ಣಿನ ಗಡಿಗೆಯನ್ನು ಒರತೆ ನೀರಿಗೆ ಇಳಿಸುವುದನ್ನು ಶೀತಲೀಕರಣ ಅಂದರೆ ಅವಳ ಕಾಲಿಗೆ ಗಮ್‌ಬೂಟು ತೊಡಿಸಿದ ಹಾಗಾಗುತ್ತದೆ.

ಆ ಒರತೆ ನೀರಿನ ಕಟ್ಟಡದ (ಇಂಗ್ಲಿಷಿನ ‘ಸ್ಪ್ರಿಂಗ್‌ಹೌಸ್’) ಹೆಸರೇ ಎರಡನೆಯ ತೊಡಕು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಂಥ ಕಡೆ ಹಳೆಯ ಜಮೀನುಗಳಲ್ಲಿ ಅವು ಇನ್ನೂ ಉಳಿದಿವೆ. ಒರತೆಯ ಮೇಲೇ ಕಟ್ಟಿದ, ತಗ್ಗು ಛಾವಣಿಯ ಸಣ್ಣ ಕಲ್ಲಿನ ಕೋಣೆ. ಒಳಗೆ ನೆಲದಲ್ಲಿ ಕಲ್ಲಿನ ಕಾಲುವೆ. ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹರಿದುಹೋಗುತ್ತದೆ. ಆ ಕಾಲುವೆಯಲ್ಲಿ ಹಾಲಿನ ಗಡಿಗೆಗಳು ಕುತ್ತಿಗೆಯವರೆಗೆ ನೀರಲ್ಲಿ ನಿಂತಿರುತ್ತಿದ್ದವು. ಮೊದಲು ‘ಚಿಲುಮೆಮನೆ’ ಎಂದು ಬರೆದೆ. ನಮಗೆ ತುಮಕೂರಿನ ಹತ್ತಿರದ ಒರತೆ ನಾಮದ ಚಿಲುಮೆ ಗೊತ್ತಿರುವುದರಿಂದ ಸರಿಹೋದೀತು ಅಂದುಕೊಂಡೆ. ಆದರೆ ಚಿಲುಮೆ ಅಂದರೆ ಹೊಗೆ ಎಳೆಯುವ ಚಿಲುಮೆಯೂ ಹೌದಲ್ಲ. ಹಾಲಿನ ಬರಹ ಹೋಗಿ ಗಾಂಜಾದ ಬರಹವಾದೀತು. ಮಧುಗಿರಿ, ಪಾವಗಡದ ಕಡೆಯ ‘ತಲಪರಿಗೆ’ ಚಂದದ ಪದ, ಆದರೆ ಅದು ಗದ್ದೆಗೆ ನೀರು ಹಾಯಿಸುವ ಏರ್ಪಾಡು. ಗುಡ್ಡದಿಂದ ಹರಿದುಬರುವ ನೀರಿಗೆ ಮಲೆನಾಡಿನವರು ಅನ್ನುವ ‘ಅಬ್ಬಿ’ಯನ್ನು ಸೇರಿಸಿ ಅಬ್ಬಿಮನೆ ಅನ್ನೋಣವೆಂದರೆ ಬಯಲುಸೀಮೆಯವರಿಗೆ ಜಲಪಾತವೇ ಕಣ್ಣಿಗೆ ಕಟ್ಟುತ್ತದೆ. ಸದ್ಯಕ್ಕೆ ‘ಒರತೆಮನೆ’ ಎಂದು ಇಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ಹೇಳಿ.

ಮೂರನೆಯದು ನನಗೆ ಎಲ್ಲಕ್ಕಿಂತ ಕುತೂಹಲದ್ದು. ಆ ರೈತರು ಹಾಲನ್ನು ತಣ್ಣಗಿಡುತ್ತಿದ್ದದ್ದು ಬರೀ ಕೆಡದಿರಲಿ ಅಂತಲ್ಲ. ಹಸಿ ಹಾಲು ತಣ್ಣಗೆ, ಅಲುಗದೆ ಒಂದು ದಿನ ನಿಂತರೆ ಜಿಡ್ಡು ಮೇಲೆ ತೇಲುತ್ತದೆ. ಅದನ್ನು ಸೌಟಿನಿಂದ ತೆಗೆದು ಕಡೆದು ಬೆಣ್ಣೆ ಮಾಡುತ್ತಿದ್ದರು. ಸ್ವೀಡನ್ನಿನ ಯೋಹಾನ್ ಗುಸ್ತಾಫ್ ಸ್ವಾರ್ಟ್ಸ್ 1860ರ ದಶಕದಲ್ಲಿ ಆಳದ ತಗಡಿನ ಕ್ಯಾನುಗಳನ್ನು ಮಂಜುಗಡ್ಡೆಯ ನೀರಲ್ಲಿ ಇಡುವ ಪದ್ಧತಿ ತಂದದ್ದೂ ಇದೇ ಕೆಲಸಕ್ಕೆ. 1878ರಲ್ಲಿ ಅದೇ ದೇಶದ ಗುಸ್ತಾಫ್ ಡೆ ಲಾವಲ್ ತಿರುಗುವ ಯಂತ್ರದಿಂದ ಜಿಡ್ಡು ಬೇರೆ ಮಾಡಿ ತೋರಿಸಿದ ಮೇಲೆ ಜಿಡ್ಡು ತೇಲುವವರೆಗೆ ಕಾದು ಕೂರುವ ಕೆಲಸ ತಪ್ಪಿತು. ಈ ತೇಲುವ ಜಿಡ್ಡಿಗೆ ಕನ್ನಡದಲ್ಲಿ ಏನನ್ನಬೇಕು? ಕೆನೆ ಅನ್ನಲು ಕೈ ಬರುತ್ತಿಲ್ಲ. ನಮ್ಮ ಕೆನೆ ಕಾಯಿಸಿದ ಹಾಲು ಆರುವಾಗ ಮೇಲೆ ಕಟ್ಟುವ ಪದರ, ಬೆರಳಲ್ಲಿ ಎತ್ತಿದರೆ ಬಟ್ಟೆಯ ಹಾಗೆ ಏಳುತ್ತದೆ. ಅವರದು ಸೌಟಿನಿಂದ ಸುರಿಯುತ್ತದೆ. ನಮಗೆ ಬೆಣ್ಣೆ ಬಂದದ್ದು ಮೊಸರು ಕಡೆದು, ಹಸಿ ಹಾಲಿನ ಜಿಡ್ಡಿಗೆ ಹೆಸರಿಡುವ ಪ್ರಸಂಗವೇ ಬರಲಿಲ್ಲ. ‘ಹಸಿಗೆನೆ’ ಎಂದು ಆದೇಶ ಸಂಧಿ ಮಾಡಿ ಕಟ್ಟಿಕೊಂಡಿದ್ದೇನೆ. ಓದಿ ನೋಡಿ, ಅಂಟುತ್ತದೆಯೇ?

ಕ್ರಿಯಾಪದಕ್ಕೆ ನಾನು ಮಾಡಿಕೊಂಡಿರುವ ರಾಜಿ ಹೀಗಿದೆ: “ಕರೆದ ಹಾಲನ್ನು ಒರತೆಮನೆಗೆ ಒಯ್ದು, ಕೆಚ್ಚಲ ಬಿಸಿ ಆರಿಸಿ, ತಣ್ಣಗೆ ಇಡುತ್ತಿದ್ದರು.” ಆರುವುದು ಸುತ್ತಲಿನ ಗಾಳಿಯ ಮಟ್ಟದವರೆಗೆ; ಅದಕ್ಕಿಂತ ಕೆಳಗಿನದು ತಣ್ಣಗೆ. ಆರಿದ ಕಾಫಿ ಕೆಟ್ಟ ಕಾಫಿ, ತಣ್ಣನೆ ಕಾಫಿಗೆ ಹೋಟೆಲಿನವರು ಹೆಚ್ಚು ದುಡ್ಡು ತೆಗೆದುಕೊಳ್ಳುತ್ತಾರೆ. ಈ ಗೆರೆ ನಿಮ್ಮ ಕಡೆಯ ಮಾತಿನಲ್ಲೂ ಇದೆಯೇ? ಧಾರವಾಡ, ಕಲಬುರಗಿ ಕಡೆಯವರು, ಕುಂದಾಪುರದವರು ದಯವಿಟ್ಟು ಹೇಳಿ.

ಇನ್ನೊಂದು ಸಣ್ಣ ಪ್ರಶ್ನೆ, ವಿಷಯಕ್ಕೆ ಅಷ್ಟೇನೂ ಹೊರಗಲ್ಲ. ನಾಗರಪಂಚಮಿಗೆ ಹುತ್ತಕ್ಕೆ ‘ತನಿ ಎರೆಯುವುದು’ ಹಸಿ ಹಾಲನ್ನೇ. ಕರಾವಳಿಯಲ್ಲಿ ಅದು ‘ತನು’. ಈ ತನಿ ‘ತನಿವಣ್ಣಿ’ನ (ಕಳಿತ ಹಣ್ಣಿನ) ತನಿಯೋ, ನಮ್ಮ ಹಳ್ಳಿಯಲ್ಲಿ ಹಣ್ಣು ‘ಹನ್ನು’ ಆದ ಹಾಗೆ ಣಕಾರ ಕಳೆದುಕೊಂಡ ‘ತಣಿ’ಯೋ? ನನ್ನ ಒಲವು ಎರಡನೆಯದರ ಕಡೆಗೆ. ಕಾಯಿಸದ ಹಾಲು, ಎಳನೀರು, ಮಣ್ಣಿನ ಹುತ್ತ ಎಲ್ಲವೂ ತಣ್ಣನೆಯ ಬಳಗವೇ. ಅದು ನಿಜವಾದರೆ, ಹಸಿ ಹಾಲಿಗೂ ತಣ್ ಬೇರಿಗೂ ನಮ್ಮಲ್ಲಿ ಹಳೆಯ ನಂಟೊಂದು ಇತ್ತು ಅಂತಾಯಿತು, ಮತ್ತೆ ‘ತಣಿಸು’ವಿಗೆ ನಾನು ಹಾಡಿನ ಭಾಷೆ ಅಂದದ್ದನ್ನು ವಾಪಸು ತೆಗೆದುಕೊಳ್ಳಬೇಕಾದೀತು.

ಹಾಲಿನ ಪಾತ್ರೆಯನ್ನು ಬಾವಿಗೆ ಇಳಿಬಿಡುವುದಕ್ಕೆ ನಿಮ್ಮ ಮನೆಗಳಲ್ಲಿ ಬೇರೆ ಮಾತೇನಾದರೂ ಇದ್ದರೆ ಊರಿನ ಹೆಸರಿನ ಸಮೇತ ತಿಳಿಸಿ. ಕರಡು ತಿಂಗಳ ಕೊನೆಗೆ ಕೊಡಬೇಕು.