ಸ್ಪೇನ್‌ನಲ್ಲಿ ಇಂಗ್ಲಿಷ್ ಪಾಠಕ್ಕೆ ಬಂದು ಮೂರು ವಾರ: ಮಕ್ಕಳು ಬಾಯೇ ಬಿಡುತ್ತಿಲ್ಲ, ಏನು ಮಾಡಲಿ?

ಊಬೆದಾ_ಹುಡುಗಿ

ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನಾನು ಹುಟ್ಟಿದ್ದು ಹಾಸನದಲ್ಲಿ. ಹತ್ತು ವರ್ಷ ಆದಾಗ ಅಪ್ಪನ ಕೆಲಸ ಅಂತ ನ್ಯೂಜೆರ್ಸಿಗೆ ಹೋದೆವು. ಈಗ 23, ಅಮೆರಿಕದ ಪಾಸ್‌ಪೋರ್ಟ್. ಡಿಗ್ರಿ ಮುಗಿಸಿ, ಸ್ಪೇನ್ ಸರ್ಕಾರ ಶಾಲೆಗಳಿಗೆ ಇಂಗ್ಲಿಷ್ ಸಹಾಯಕರನ್ನು ಕರೆಸಿಕೊಳ್ಳುತ್ತದಲ್ಲ, ಅದಕ್ಕೆ ಅರ್ಜಿ ಹಾಕಿದ್ದೆ. ಅಕ್ಟೋಬರ್‌ನಿಂದ ಮೇ ಕೊನೆಯವರೆಗೆ. ನನಗೆ ವಾರಕ್ಕೆ 14 ಗಂಟೆ ಕೆಲಸ, ತಿಂಗಳಿಗೆ 800 ಯೂರೋ. ಮ್ಯಾಡ್ರಿಡ್ ಸಿಗುತ್ತೆ ಅಂತ ಆಸೆಪಟ್ಟಿದ್ದೆ. ಸಿಕ್ಕಿದ್ದು ದಕ್ಷಿಣದ ಹಾಎನ್ ಪ್ರಾಂತ್ಯದ ಊಬೆದಾ. ಹಳೇ ಕಲ್ಲಿನ ಅರಮನೆಗಳ ಚಂದದ ಊರು, 2003ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಬಸ್ಸಿನಲ್ಲಿ ಬರುವಾಗ ಕಣ್ಣು ಹಾಯಿಸಿದಷ್ಟೂ ಆಲಿವ್ ಮರ. ಈ ಒಂದೇ ಪ್ರಾಂತ್ಯದಲ್ಲಿ 6 ಕೋಟಿಗೂ ಜಾಸ್ತಿ ಮರ ಇವೆಯಂತೆ.

ಶಾಲೆ ಸರ್ಕಾರಿ ಪ್ರೈಮರಿ. ವಿಜ್ಞಾನದ ಪಾಠವೂ ಅರ್ಧ ಇಂಗ್ಲಿಷ್‌ನಲ್ಲೇ ನಡೆಯುತ್ತೆ. ಮಕ್ಕಳು ನನ್ನನ್ನು 'ಸೆನ್ಯೋ' ಅಂತಾರೆ, ನಮ್ಮ 'ಮಿಸ್' ಇದ್ದ ಹಾಗೆ. ಮೊದಲ ದಿನ ಹೆಡ್‌ಮೇಡಂ 'ಅಮೆರಿಕದಿಂದ ಬಂದಿದ್ದಾರೆ' ಅಂತ ಪರಿಚಯ ಮಾಡಿಸಿದರು. ಮುಂದಿನ ಬೆಂಚಿನ ಹುಡುಗ ನನ್ನನ್ನು ನೋಡಿದ, ಆಮೇಲೆ ಕತ್ತು ಬಾಗಿಸಿ ನನ್ನ ಹಿಂದೆ ಬಾಗಿಲಲ್ಲಿ ಇನ್ಯಾರಾದರೂ ಇದ್ದಾರಾ ಅಂತ ನೋಡಿದ! ನಗು ಬಂತು. ಸ್ವಲ್ಪ ಚುಚ್ಚಿತು ಕೂಡ, ಸುಳ್ಳು ಯಾಕೆ ಹೇಳಲಿ.

ಕಷ್ಟ ಇರೋದು ನಾಲ್ಕನೇ ಕ್ಲಾಸಿನಲ್ಲಿ. 24 ಮಕ್ಕಳು. ಟೀಚರ್ 'ಐದೇ ನಿಮಿಷ, ಜೆರಾಕ್ಸ್ ಮಾಡಿಸಿಕೊಂಡು ಬರ್ತೀನಿ' ಅಂತ ಹೋದರೆ ಬೆಲ್ ಹೊಡೆದಾಗಲೇ ಬರೋದು. ನಾನು ಹ್ಯಾಲೋವೀನ್ ಬಗ್ಗೆ 32 ಸ್ಲೈಡಿನ ಪಿಪಿಟಿ ಮಾಡಿದ್ದೆ, ರಾತ್ರಿ ಒಂದು ಗಂಟೆವರೆಗೆ ಕೂತು. ಪ್ರಶ್ನೆ ಕೇಳಿದರೆ ಮೌನ. ಮೌನ ಮುಗಿದರೆ ಸ್ಪ್ಯಾನಿಷ್‌ನಲ್ಲಿ ಸಂತೆ. ಎರಡನೇ ಬೆಂಚಿನ ಒಬ್ಬಳು ಧೈರ್ಯ ಮಾಡಿ ಎದ್ದು 'ಮೈ ಎಸ್ಕೂಲ್' ಅಂದಳು. ಉಳಿದವರು ಗೊಳ್ಳೆಂದರು. ಅವಳು ಕೂತವಳು ಇವತ್ತಿನವರೆಗೂ ಬಾಯಿ ತೆಗೆದಿಲ್ಲ.

ನನಗೆ ಅವಳದ್ದೇ ಚಿಂತೆ. ನ್ಯೂಜೆರ್ಸಿಯಲ್ಲಿ ಮೊದಲ ವಾರ ಪಕ್ಕದ ಹುಡುಗನ ಹತ್ತಿರ ನಾನು 'ರಬ್ಬರ್' ಕೇಳಿದ್ದೆ. ಹಾಸನದಲ್ಲಿ ರಬ್ಬರ್ ಅಂದರೆ ಪೆನ್ಸಿಲ್ ಗೀಚಿದ್ದು ಅಳಿಸೋದು. ಅಲ್ಲಿ ಅರ್ಥವೇ ಬೇರೆ, ಆಡುಮಾತಲ್ಲಿ ಕಾಂಡೋಮ್. ಯಾಕೆ ನಕ್ಕರು ಅಂತ ಗೊತ್ತಾಗೋದಕ್ಕೇ ನನಗೆ ಎರಡು ವರ್ಷ ಬೇಕಾಯಿತು, ಅಲ್ಲಿಯವರೆಗೆ ಕ್ಲಾಸಿನಲ್ಲಿ ಮೂಕಿ. ತಮಾಷೆ ಏನೆಂದರೆ ಇಲ್ಲಿನ ಪುಸ್ತಕ ಬ್ರಿಟಿಷ್ ಇಂಗ್ಲಿಷಿನದು. ಗೋಡೆಯ ಚಾರ್ಟಿನಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಾರೆ: ರಬ್ಬರ್!

ಎರಡನೇ ತಲೆನೋವು ರೆಸಿಡೆನ್ಸ್ ಕಾರ್ಡ್. ಬೆರಳಚ್ಚಿಗೆ ಅಪಾಯಿಂಟ್‌ಮೆಂಟ್ ಸಿಗುತ್ತಲೇ ಇಲ್ಲ. ಒಂದು ತಿಂಗಳ ಗಡುವು ಹತ್ತಿರ ಬಂತು. ಯಾರಾದರೂ ದಾರಿ ಹೇಳಿ.

---

ತಿಪಟೂರು ಮೇಷ್ಟ್ರು

ಮೊದಲು ಆ ಪಿಪಿಟಿ ಪಕ್ಕಕ್ಕಿಡಮ್ಮ. ನಾನು 22 ವರ್ಷದಿಂದ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. 32 ಚಿತ್ರ ತೋರಿಸಿದರೆ ಮಕ್ಕಳು ನೋಡುತ್ತಾರೆ. ಮಾತಾಡೋದು ಯಾಕೆ? ನೀನೇ ಎಲ್ಲಾ ಹೇಳಿಬಿಟ್ಟಿದ್ದೀಯಲ್ಲ.

ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಬೇಡ. ಮೊದಲು ಗುಂಪಲ್ಲಿ ಗೋವಿಂದ, ಎಲ್ಲರೂ ಒಟ್ಟಿಗೆ ಕೂಗಲಿ. ತಪ್ಪು ಯಾರದ್ದು ಅಂತ ಗೊತ್ತಾಗಲ್ಲ. ಆಮೇಲೆ ಇಬ್ಬಿಬ್ಬರು ಪಿಸುಪಿಸು ಮಾತಾಡಿಕೊಳ್ಳಲಿ. ಒಂಟಿಯಾಗಿ ಹೇಳೋದು ಕೊನೆಗೆ, ಅದೂ ಅವರೇ ಕೈ ಎತ್ತಿದರೆ ಮಾತ್ರ.

ಇನ್ನೊಂದು. ಪ್ರಶ್ನೆ ನೀನು ಕೇಳಬೇಡ, ಅವರು ಕೇಳಲಿ. ನಾನು ಒಂದು ಬಟ್ಟೆ ಚೀಲದಲ್ಲಿ ಏನಾದರೂ ಹಾಕಿಕೊಂಡು ಹೋಗುತ್ತೇನೆ. ಕೊಬ್ಬರಿ ಗಿಟುಕು, ಬೀಗದ ಕೈ, ಏನೋ ಒಂದು. ಕೈ ಹಾಕಿ ಮುಟ್ಟಬಹುದು, ನೋಡುವ ಹಾಗಿಲ್ಲ. 'ಈಸ್ ಇಟ್ ಹಾರ್ಡ್? ಈಸ್ ಇಟ್ ಎ ಸ್ಟೋನ್?' ಕುತೂಹಲ ಹತ್ತಿದರೆ ನಾಚಿಕೆ ಮರೆತುಹೋಗುತ್ತದೆ.

ಮತ್ತೆ ನಿನ್ನ ಸ್ಪ್ಯಾನಿಷ್ ತಪ್ಪನ್ನು ಅವರು ತಿದ್ದಲಿ. ನಿನ್ನನ್ನು ನೋಡಿ ನಗಲಿ ಬಿಡು. ಆ ಹುಡುಗಿಯನ್ನು ನೋಡಿ ನಗೋದಕ್ಕಿಂತ ಅದು ವಾಸಿ. 'ಎಸ್ಕೂಲ್' ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ನಮ್ಮೂರಲ್ಲಿ ಎಲ್ಲರೂ ಓದಿದ್ದು ಇಸ್ಕೂಲಿನಲ್ಲೇ.

---

ಗಲೀಸಿಯಾದಲ್ಲಿ_ನೆಂದವಳು

ಮೇಷ್ಟ್ರ ಮಾತು ಒಪ್ಪುತ್ತೇನೆ, ಆದರೆ ಅದಕ್ಕೂ ಮೊದಲು: ನಿಮ್ಮನ್ನು ಒಬ್ಬರನ್ನೇ ಕ್ಲಾಸಿನಲ್ಲಿ ಬಿಟ್ಟು ಹೋಗುವ ಹಾಗಿಲ್ಲ. ನೀವು ಸಹಾಯಕಿ. ಕ್ಲಾಸಿನ ಜವಾಬ್ದಾರಿ ಟೀಚರ್‌ದು, ಮಾರ್ಕ್ಸ್ ಕೊಡೋದೂ ಅವರೇ. ಮಗು ಬಿದ್ದು ಮೊಣಕಾಲು ತರಚಿಕೊಂಡರೆ ಯಾರು ಉತ್ತರ ಕೊಡಬೇಕು? ಜಗಳ ಬೇಡ. 11ರ ಬಿಡುವಿನಲ್ಲಿ ಎಲ್ಲಾ ಟೀಚರ್‌ಗಳೂ ಕಾಫಿಗೆ ಹೋಗುತ್ತಾರಲ್ಲ, ಜೊತೆಗೆ ಹೋಗಿ, ಅಲ್ಲೇ ನಗುನಗುತ್ತಾ ಹೇಳಿ. ಸ್ಪೇನ್‌ನಲ್ಲಿ ಆ ಅರ್ಧ ಗಂಟೆಯಲ್ಲಿ ಆಗುವ ಕೆಲಸ ಈಮೇಲ್‌ನಲ್ಲಿ ಆಗಲ್ಲ.

ಕಾರ್ಡಿನ ವಿಷಯ. ಮೊದಲು ಊರಿನ ಮುನಿಸಿಪಾಲಿಟಿಯಲ್ಲಿ ವಿಳಾಸ ನೋಂದಣಿ ಮಾಡಿಸಿ, ಅದಕ್ಕೆ 'ಎಂಪಾದ್ರೊನಾಮಿಯೆಂತೊ' ಅಂತಾರೆ. ಹೆಸರು ಹೇಳೋದೇ ಕಷ್ಟ, ಕೆಲಸ ಸುಲಭ. ಬಾಡಿಗೆ ಕರಾರು ಕೈಯಲ್ಲಿರಲಿ. ಆಮೇಲೆ ಇಎಕ್ಸ್-17 ಅರ್ಜಿ, 790-012 ಫಾರ್ಮಿನಲ್ಲಿ ಬ್ಯಾಂಕಿಗೆ ಫೀಸು ಕಟ್ಟಿದ ರಸೀದಿ, ಫೋಟೋ, ಪಾಸ್‌ಪೋರ್ಟ್, ಎಲ್ಲದರ ಜೆರಾಕ್ಸ್. ನಾನು ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಅಪಾಯಿಂಟ್‌ಮೆಂಟ್ ವೆಬ್‌ಸೈಟ್ ನೋಡುತ್ತಿದ್ದೆ, ಹನ್ನೊಂದನೇ ದಿನ ಸಿಕ್ಕಿತು. 'ಅಪಾಯಿಂಟ್‌ಮೆಂಟ್ ಇಲ್ಲ' ಅಂತ ಬಂದಾಗೆಲ್ಲ ಸ್ಕ್ರೀನ್‌ಶಾಟ್ ತೆಗೆದಿಡಿ, ಪ್ರಯತ್ನ ಪಟ್ಟಿದ್ದಕ್ಕೆ ಸಾಕ್ಷಿ.

ದುಡ್ಡು ಹುಷಾರು. ನನಗೆ ಮೊದಲ ಸ್ಟೈಪೆಂಡ್ ಬಂದಿದ್ದು ಡಿಸೆಂಬರ್‌ನಲ್ಲಿ. ಎರಡು ತಿಂಗಳು ಮೊಟ್ಟೆ, ಆಲೂಗಡ್ಡೆ, ಅಮ್ಮನ ಚಟ್ನಿಪುಡಿ.

---

ಬಾಡೂಟ_ಪ್ರಿಯ

ಹಾಎನ್ ಕಡೆ ಒಂದು ಡ್ರಿಂಕ್ ತಗೊಂಡರೆ ತಿಂಡಿ ಫ್ರೀ ಅಂತೆ, ನಿಜವಾ? ನೀವು ವೆಜ್ ಆದರೆ ಆ ತಟ್ಟೆ ಈ ಕಡೆ ಕಳಿಸಿ.

---

ಊಬೆದಾ_ಹುಡುಗಿ

@ಬಾಡೂಟ_ಪ್ರಿಯ ನಿಜ, ಫ್ರೀ. ಆದರೆ ಏನು ಬರುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಮಾಂಸ ಬೇಡ ಅಂದೆ. ಹಾಮೋನ್ ತಂದಿಟ್ಟರು, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿಯ ತೊಡೆ. ಇದೂ ಬೇಡ ಅಂದರೆ ಬಾರ್‌ನ ಆಂಟಿಗೆ ಬೇಜಾರು, 'ಇದು ಮಾಂಸ ಅಲ್ಲ, ಹಾಮೋನ್!' ಈಗ ನನಗೆ ಆಲಿವ್ ಎಣ್ಣೆ ಹಾಕಿದ ಟೋಸ್ಟ್ ಕೊಡುತ್ತಾರೆ, ಮೇಲೆ ತುರಿದ ಟೊಮೆಟೊ. ಎಣ್ಣೆ ಸುರಿಯುವುದು ನೋಡಬೇಕು, ಅಜ್ಜಿ ತುಪ್ಪ ಬಡಿಸಿದ ಹಾಗೆ. ಸಾಕು ಅಂದರೂ ನಿಲ್ಲಲ್ಲ.

ಅಕ್ಕಾ, ಕಾಫಿ ಉಪಾಯ ಕೆಲಸ ಮಾಡಿತು. ಟೀಚರ್ 'ಅಯ್ಯೋ, ನಾನಿದ್ದರೆ ನಿನಗೆ ಮುಜುಗರ ಅಂದುಕೊಂಡಿದ್ದೆ' ಅಂದರು! ಈಗ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಬೆರಳಚ್ಚಿಗೂ ಸಿಕ್ಕಿತು, ಶುಕ್ರವಾರ ಬಸ್ ಹತ್ತಿ ಹಾಎನ್‌ಗೆ ಹೋಗಬೇಕು.

ಮೇಷ್ಟ್ರೇ, ಚೀಲ ಇರಲಿಲ್ಲ. ಇಲ್ಲಿನ ಕುಂಬಾರರ ಬೀದಿಯಲ್ಲಿ ಹಸಿರು ಬಣ್ಣದ ಒಂದು ಪುಟ್ಟ ಕೊಡ ತಗೊಂಡೆ. ಅದರೊಳಗೆ ಅಜ್ಜಿ ಕೊಟ್ಟಿದ್ದ ಕವಡೆ ಹಾಕಿದೆ, ಚೌಕಾಬಾರ ಆಡುವ ನಾಲ್ಕು ಕವಡೆ. ಬಾಯಿ ಸಣ್ಣದು, ಎರಡೇ ಬೆರಳು ಹೋಗುತ್ತೆ. 'ಸ್ಟೋನ್?' ಅಲ್ಲ. 'ಬಟನ್?' ಅಲ್ಲ. ಎರಡನೇ ಬೆಂಚಿನವಳು ಕಣ್ಣು ಮುಚ್ಚಿಕೊಂಡು ತುಂಬಾ ಹೊತ್ತು ತಡಕಿದಳು. ಕವಡೆಯ ಬಾಯಲ್ಲಿ ಸಣ್ಣ ಹಲ್ಲು ಹಲ್ಲಾಗಿರುತ್ತಲ್ಲ, ಅದು ಬೆರಳಿಗೆ ಸಿಕ್ಕಿರಬೇಕು. 'ಇಟ್ ಈಸ್ ಎ ಮೌತ್' ಅಂದಳು. ಯಾರೂ ನಗಲಿಲ್ಲ. ಎಲ್ಲರಿಗೂ ಕೊಡದ ಮೇಲೆ ಕಣ್ಣು.

ಈಗ ಆಟ ಹೇಳಿಕೊಡಿ ಅಂತ ಹಠ ಹಿಡಿದಿದ್ದಾರೆ. ಚೌಕಾಬಾರದ ಮನೆ ಬರೆಯೋಣ ಅಂದರೆ ಕ್ಲಾಸಿನಲ್ಲಿ ಡಿಜಿಟಲ್ ಬೋರ್ಡ್ ಇದೆ, ಒಂದು ಚಾಕ್‌ಪೀಸ್ ಇಲ್ಲ. ಅಂಗಡಿಗೆ ಓಡಿದೆ, ಮಧ್ಯಾಹ್ನ ಎರಡೂವರೆ, ಬಾಗಿಲು ಹಾಕಿತ್ತು. ಐದಕ್ಕೆ ತೆಗೀತಾರಂತೆ, ಕಾಯ್ತಾ ಕೂತಿದ್ದೀನಿ.