ಹಳೇ ಬುಲೆಟ್‌ಗೆ ಚಿಕ್ಕ ಟ್ಯಾಂಕ್: ಚಾಸಿಗೆ ಕೈ ಹಾಕದೆ ಕೂರಿಸುವುದು ಹೇಗೆ?

ಪ್ರಶ್ನೆ (ಹಾಸನದಿಂದ): 1974ರ ಬುಲೆಟ್ 350, ಕಾಸ್ಟ್ ಐರನ್ ಎಂಜಿನ್. ಈಗಿರುವ ಟ್ಯಾಂಕ್ ಸುಮಾರು 14 ಲೀಟರ್ ಹಿಡಿಯುತ್ತದೆ. ಅದರ ಬದಲು 8 ಲೀಟರಿನ, ಮುಂದೆ ದಪ್ಪ ಹಿಂದೆ ಸಣ್ಣಗಿರುವ ತಗಡಿನ ಟ್ಯಾಂಕ್ ಹಾಕಬೇಕೆಂದಿದ್ದೇನೆ. ಎಡಕ್ಕೆ ಒಂದೇ ಪೆಟ್ರೋಲ್ ಕಾಕ್ (ಪೆಟ್ರೋಲ್ ಬಿಡುವ ನಲ್ಲಿ) ಇದೆ. ಫೈಬರ್‌ನಲ್ಲಿ ಮಾಡಿದ್ದು ಅರ್ಧ ಬೆಲೆಗೆ ಸಿಗುತ್ತಿದೆ. ಯಾವುದನ್ನು ತರಲಿ, ಹೇಗೆ ಕೂರಿಸಲಿ? ಮಾಡಿ ಗೊತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಮೈಸೂರಿನಿಂದ): ಫೈಬರ್ ಬೇಡವೇ ಬೇಡ ಸರ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಇದೆ. ಅದಕ್ಕೆಂದು ಮಾಡದ ಫೈಬರ್‌ನ ರೆಸಿನ್ (ಎಳೆಗಳನ್ನು ಹಿಡಿದಿಡುವ ರಾಳ) ಒಳಗಿನಿಂದ ಮೆತ್ತಗಾಗಿ, ಅಂಟಿನಂತೆ ಕರಗಿ ಕಾರ್ಬುರೇಟರಿಗೆ ಇಳಿಯುತ್ತದೆ. ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟುತ್ತದೆ, ಸ್ಲೈಡ್ (ಆಕ್ಸಿಲರೇಟರ್ ಎಳೆದಾಗ ಮೇಲೇಳುವ ಕವಾಟ) ಅಂಟಿ ಆಕ್ಸಿಲರೇಟರ್ ವಾಪಸ್ ಬರುವುದಿಲ್ಲ. ತಗಡಿನದ್ದೇ ತನ್ನಿ.

ಕೊಳ್ಳುವ ಮೊದಲು ಟ್ಯಾಂಕಿನ ಅಡಿಯ ಟನಲ್ (ಚಾಸಿಯ ಪೈಪಿನ ಮೇಲೆ ಕೂರುವ ಉದ್ದನೆಯ ಟೊಳ್ಳು) ಅಗಲ ಅಳೆಯಿರಿ. ಬುಲೆಟ್‌ನ ಮೇಲಿನ ಪೈಪಿನ ಜೊತೆ ವೈರಿಂಗ್, ಕೇಬಲ್‌ಗಳೂ ಅಲ್ಲೇ ಹಾಯುತ್ತವೆ. ಅವೆಲ್ಲ ಸೇರಿ ಎಷ್ಟು ದಪ್ಪವೋ ಅದಕ್ಕಿಂತ ಎರಡೂ ಬದಿಗೆ 5–6 ಮಿ.ಮೀ. ಹೆಚ್ಚು ಜಾಗ ಬೇಕು. ಅಳತೆಪಟ್ಟಿ ಹೋಗದ ಕಡೆ ಚಪಾತಿ ಹಿಟ್ಟಿನ ಉಂಡೆ ಇಡಿ: ಪೈಪಿನ ಮೇಲೆ, ರಾಕರ್ ಕವರ್ (ಎಂಜಿನ್ ತಲೆಯ ಮುಚ್ಚಳ) ಮೇಲೆ ಉಂಡೆ ಇಟ್ಟು, ಟ್ಯಾಂಕನ್ನು ಅದರ ಜಾಗದಲ್ಲಿ ಒತ್ತಿ ತೆಗೆಯಿರಿ. ಚಪ್ಪಟೆಯಾದ ಹಿಟ್ಟಿನ ದಪ್ಪವೇ ನಿಮಗಿರುವ ಗ್ಯಾಪ್. ಪೈಪಿನ ಮೇಲೆ 6, ರಾಕರ್ ಕವರ್ ಮೇಲೆ 10 ಮಿ.ಮೀ.ಗಿಂತ ಕಡಿಮೆ ಬಂದರೆ ಎತ್ತರಿಸಲೇಬೇಕು. ಆಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಫೋರ್ಕ್ ಟ್ಯಾಂಕಿಗೆ ತಾಗಿದರೆ ಮೊದಲ ಯು-ಟರ್ನ್‌ನಲ್ಲೇ ಡೆಂಟ್ ಬೀಳುತ್ತದೆ.

ಉತ್ತರ 2 (ಶಿವಮೊಗ್ಗದಿಂದ): ಕೂರಿಸುವ ಬಗ್ಗೆ ಹೇಳುತ್ತೇನೆ, ಕೆಲಸ ಕೆಡುವುದು ಅಲ್ಲೇ. ಸಿಂಗಲ್ ಸಿಲಿಂಡರ್ ನಡುಕಕ್ಕೆ ಟ್ಯಾಂಕನ್ನು ಚಾಸಿಗೆ ನೇರವಾಗಿ ಬಿಗಿದರೆ ಮೌಂಟಿಂಗ್ ಪಟ್ಟಿಯ ಬುಡ ಬಿರುಕು ಬಿಡುತ್ತದೆ, ಅಲ್ಲಿಂದಲೇ ಪೆಟ್ರೋಲ್ ಜಿನುಗುತ್ತದೆ. ಟ್ಯಾಂಕ್ ರಬ್ಬರಿನ ಮೇಲೆ ತೇಲುತ್ತಿರಬೇಕು.

ಚಾಸಿಗೆ ವೆಲ್ಡಿಂಗ್ ಬೇಡ, ಇರುವ ಕಿವಿಗಳನ್ನು (ಬೋಲ್ಟ್ ಹಾಕುವ ಪಟ್ಟಿಗಳನ್ನು) ಕೊಯ್ಯುವುದೂ ಬೇಡ. ಮುಂದಿನ ಹಳೇ ಮೌಂಟಿಂಗ್ ತೂತುಗಳಿಗೇ 3 ಮಿ.ಮೀ. ಎಂ.ಎಸ್. (ಸಾದಾ ಉಕ್ಕಿನ) ಪ್ಲೇಟಿನ ಬ್ರಾಕೆಟ್ ಮಾಡಿಸಿ. ಹಿಂದಕ್ಕೆ ಮೇಲಿನ ಪೈಪನ್ನು ತಬ್ಬುವ ಎರಡು ಹೋಳಿನ ಕ್ಲಾಂಪ್, ಒಳಗೆ 2 ಮಿ.ಮೀ. ರಬ್ಬರ್ ಪಟ್ಟಿ. ಪ್ರತಿ ಬೋಲ್ಟಿಗೂ ರಬ್ಬರ್ ಬುಷ್ (ದಪ್ಪ ಬಳೆ), ಅದರೊಳಗೆ ಕಬ್ಬಿಣದ ಸ್ಲೀವ್ (ತುಂಡು ಕೊಳವೆ) ಇರಲಿ. ಸ್ಲೀವ್ ರಬ್ಬರಿಗಿಂತ ಅರ್ಧ ಮಿ.ಮೀ. ಮಾತ್ರ ಗಿಡ್ಡ ಇರಬೇಕು. ಆಗ ಬೋಲ್ಟ್ ಬಿಗಿಯಾಗುವುದು ಸ್ಲೀವಿನ ಮೇಲೆ, ರಬ್ಬರ್ ಜಜ್ಜಿಹೋಗುವುದಿಲ್ಲ. ಯಾವ ಲೇತ್ ಅಂಗಡಿಯಲ್ಲಾದರೂ ಮಾಡಿಕೊಡುತ್ತಾರೆ. ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ಟು ಹಾಕಿ; ಸಾದಾ ನಟ್ಟು ನಡುಕಕ್ಕೆ ಬಿಚ್ಚಿಕೊಳ್ಳುತ್ತದೆ.

ಟ್ಯಾಂಕಿಗೇ ಹೊಸ ಕಿವಿ ಬೆಸೆಯಬೇಕಾಗಿ ಬಂದರೆ, ತೆಳು ತಗಡಿಗೆ ನೇರ ಬೆಸೆಯಬೇಡಿ. ಮೊದಲು 40×60 ಮಿ.ಮೀ. ಅಳತೆಯ, 2 ಮಿ.ಮೀ. ದಪ್ಪದ ಪ್ಯಾಚ್, ಅದರ ಮೇಲೆ ಕಿವಿ. ಒಮ್ಮೆ ಪೆಟ್ರೋಲ್ ತುಂಬಿದ ಟ್ಯಾಂಕಿಗೆ ಹಾಗೇ ಬೆಂಕಿ ಹಿಡಿಯುವುದು ಪ್ರಾಣಕ್ಕೇ ಅಪಾಯ. ಖಾಲಿ ಕಂಡರೂ ಒಳಗಿನ ಆವಿ ಸಿಡಿಯುತ್ತದೆ. ಟ್ಯಾಂಕ್ ಕೆಲಸ ತಿಳಿದ ರೇಡಿಯೇಟರ್ ರಿಪೇರಿಯವರ ಹತ್ತಿರವೇ ಕೊಂಡೊಯ್ಯಿರಿ, ಇದನ್ನು ಮನೆಯಲ್ಲಿ ಮಾಡಬೇಡಿ.

ಪೇಂಟಿಗೆ ಮೊದಲೇ ಲೀಕ್ ನೋಡಿಬಿಡಿ. ತೂತುಗಳನ್ನೆಲ್ಲ ಮುಚ್ಚಿ, ಸೈಕಲ್ ಪಂಪಿನಲ್ಲಿ 2 ಪಿ.ಎಸ್.ಐ. ಗಾಳಿ ಕೊಟ್ಟು ಬೆಸುಗೆಗಳಿಗೆ ಸೋಪಿನ ನೀರು ಸವರಿ. ಪಂಚರ್ ಅಂಗಡಿಯ ಕಂಪ್ರೆಸರ್ ಹಚ್ಚಿದರೆ ಟ್ಯಾಂಕ್ ಉಬ್ಬಿಹೋಗುತ್ತದೆ.

ಉತ್ತರ 3 (ಬೆಂಗಳೂರಿನಿಂದ): ಕಾಕ್ ತರುವ ಮುನ್ನ ಟ್ಯಾಂಕಿನ ಥ್ರೆಡ್ ತಿಳಿದುಕೊಳ್ಳಿ. ಹಳೇ ಬ್ರಿಟಿಷ್ ಅಳತೆಯ ಕಾಲಿಂಚು ಗ್ಯಾಸ್ ಥ್ರೆಡ್ಡಿನ ಹೊರ ವ್ಯಾಸ 13.2 ಮಿ.ಮೀ., ಇಂಚಿಗೆ 19 ಸುತ್ತು. ಮೆಟ್ರಿಕ್‌ನದ್ದು 14 ಮಿ.ಮೀ. ಇರಬಹುದು. ಒಂದು-ಎರಡು ಸುತ್ತು ಹೋಗಿ ಬಿಗಿಯಾಯಿತೆಂದರೆ ಅದು ಬೇರೆ ಥ್ರೆಡ್. ಬಿಡಿಭಾಗಗಳ ಅಂಗಡಿಗಳಿರುವ ನಮ್ಮ ಜೆ.ಸಿ. ರಸ್ತೆಗೆ ಹೋಗುವುದಾದರೆ ಟ್ಯಾಂಕನ್ನೇ ಹೊತ್ತುಕೊಂಡು ಹೋಗಿ, ಕೂರಿಸಿ ನೋಡಿ ತನ್ನಿ. ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಎಳೆ ಜೆಟ್ಟಿಗೆ ಇಳಿಯುತ್ತದೆ. ಹೊಸ ಫೈಬರ್ ವಾಷರ್ ಸಾಕು.

ಇಲ್ಲಿ ಪಂಪ್ ಇಲ್ಲ, ಪೆಟ್ರೋಲ್ ತನ್ನ ಭಾರಕ್ಕೇ ಇಳಿಯಬೇಕು. ಪೈಪ್ ಎಲ್ಲೂ ಮೇಲಕ್ಕೆ ಬಾಗದೆ ಇಳಿಯುತ್ತಲೇ ಹೋಗಬೇಕು. ಒಂದು ಗೂನು ಬಂದರೂ ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಒಳವ್ಯಾಸ 6 ಮಿ.ಮೀ., ಎಥನಾಲ್ ತಡೆಯುವ ಪೈಪ್ ತೆಗೆದುಕೊಳ್ಳಿ. ಕಾಕ್ ಇರುವ ಜಾಗ ಟ್ಯಾಂಕಿನ ಅತಿ ತಗ್ಗು ಜಾಗವಾಗಿರಬೇಕು. ಕಾಕ್ ಮುಂದಿದ್ದು ಟ್ಯಾಂಕ್ ಹಿಂದಕ್ಕೆ ವಾಲಿದರೆ, ಹಿಂದಿನ ಮೂಲೆಯ ಪೆಟ್ರೋಲ್ ನಿಮ್ಮ ಲೆಕ್ಕಕ್ಕೇ ಇಲ್ಲ. ಟನಲ್‌ನ ಬಲಭಾಗದ್ದೂ ಹೀಗೆಯೇ, ಟನಲ್ ದಾಟಿ ಎಡಕ್ಕೆ ಬರುವುದಿಲ್ಲ. ಬಲಕ್ಕೊಂದು ನಿಪ್ಪಲ್ (ಪೈಪ್ ಸಿಕ್ಕಿಸುವ ಮೂತಿ) ಇದ್ದರೆ ಪೈಪಿನಿಂದ ಎರಡನ್ನೂ ಸೇರಿಸಿ.

ಗಾಡಿ ಓಡಿಸುವ ಮುನ್ನ ಒಂದು ಪರೀಕ್ಷೆ. ರಿಸರ್ವ್ ಮಟ್ಟಕ್ಕಷ್ಟೇ ಪೆಟ್ರೋಲ್ ಹಾಕಿ, ಮುಚ್ಚಳ ಹಾಕಿ, ಪೈಪಿನ ತುದಿಯನ್ನು ಕಾರ್ಬುರೇಟರ್ ಎತ್ತರದಲ್ಲೇ ಹಿಡಿದು ಒಂದು ನಿಮಿಷ ಅಳತೆ ಪಾತ್ರೆಗೆ ಬಿಡಿ. ಲೀಟರಿಗೆ 35 ಕಿ.ಮೀ. ಕೊಡುವ ಗಾಡಿ ಗಂಟೆಗೆ 80ರಲ್ಲಿ ಓಡಿದರೆ ನಿಮಿಷಕ್ಕೆ 38 ಮಿ.ಲೀ. ಕುಡಿಯುತ್ತದೆ, ಘಾಟಿ ಹತ್ತುವಾಗ ಅದರ ಎರಡು-ಮೂರು ಪಟ್ಟು. 200 ಮಿ.ಲೀ. ಬಂದರೆ ನಿಶ್ಚಿಂತೆ. ಮೊದಲು ಜೋರಾಗಿ ಬಂದು ಆಮೇಲೆ ದಾರದಂತಾದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಹೊಸ ಮುಚ್ಚಳಗಳಲ್ಲಿ ಪೇಂಟ್ ತುಂಬಿಕೊಂಡಿರುವುದು ಸಾಮಾನ್ಯ, 1 ಮಿ.ಮೀ. ಡ್ರಿಲ್‌ನಲ್ಲಿ ಬಿಡಿಸಿ. ಇದನ್ನು ಬಿಟ್ಟರೆ ದಾರಿಯಲ್ಲಿ ಎಂಜಿನ್ ಬಿಕ್ಕಿ ನಿಲ್ಲುತ್ತದೆ. ಮುಚ್ಚಳ ತೆಗೆದಾಗ ಉಸ್ಸೆಂದು ಗಾಳಿ ಎಳೆದುಕೊಂಡು ಮತ್ತೆ ಸರಿಹೋಗುತ್ತದೆ. ಇಗ್ನಿಷನ್ ಕಾಯಿಲ್ (ಕಿಡಿ ಕೊಡುವ ಭಾಗ) ಹೋಗಿದೆ ಎಂದು ಬದಲಾಯಿಸುತ್ತ ಕೂರುವುದು ಇದರಿಂದಲೇ.

ಪ್ರಶ್ನೆ ಕೇಳಿದವರು: ರಿಸರ್ವ್ ಎಷ್ಟು ಇಟ್ಟುಕೊಳ್ಳಲಿ?

ಉತ್ತರ 3: ಒಂದು ಲೀಟರ್, ಅಂದರೆ 30–35 ಕಿ.ಮೀ. ಕಾಕಿನೊಳಗಿನ ಹಿತ್ತಾಳೆ ನಳಿಗೆಯ ಎತ್ತರವೇ ಅದನ್ನು ನಿರ್ಧರಿಸುತ್ತದೆ. ಟ್ಯಾಂಕ್ ಸಣ್ಣಗಿದ್ದಷ್ಟೂ ಅದೇ ಎತ್ತರಕ್ಕೆ ಕಡಿಮೆ ಪೆಟ್ರೋಲ್ ನಿಲ್ಲುತ್ತದೆ, ಹಳೇ ಕಾಕ್ ಹಾಕಿದರೆ ರಿಸರ್ವ್ ಅರ್ಧ ಲೀಟರಿಗೆ ಇಳಿದರೂ ಇಳಿದೀತು. 'ಆನ್'ನಲ್ಲಿ ಬರಿದಾಗುವವರೆಗೆ ಬಿಟ್ಟು, 'ರಿಸರ್ವ್'ಗೆ ತಿರುಗಿಸಿ ಬಂದದ್ದನ್ನು ಅಳೆಯಿರಿ. ರಿಸರ್ವ್ ಹೆಚ್ಚಿದ್ದರೆ ನಳಿಗೆಯನ್ನು 5 ಮಿ.ಮೀ.ಯಂತೆ ಕತ್ತರಿಸಬಹುದು, ಕಡಿಮೆಯಿದ್ದರೆ ಉದ್ದ ನಳಿಗೆಯ ಕಾಕ್ ಹುಡುಕಬೇಕು. ಒಟ್ಟಾರೆ 8 ಲೀಟರಿಗೆ 280 ಕಿ.ಮೀ. ಎಂದು ಕಾಗದದ ಲೆಕ್ಕ. 240ಕ್ಕೇ ಬಂಕ್ ಹುಡುಕಿ.

ಉತ್ತರ 4 (ಮಂಗಳೂರಿನಿಂದ): ಒಂದು ಮಾತು ಸೇರಿಸುತ್ತೇನೆ. ನಿಮ್ಮದು 50 ವರ್ಷ ದಾಟಿದ ಗಾಡಿ. 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುವುದು ಮೂಲ ರೂಪದಲ್ಲೇ ಉಳಿಸಿಕೊಂಡ ಗಾಡಿಗೆ. ಆದ್ದರಿಂದ ಚಾಸಿ ಕೊಯ್ಯಬೇಡಿ ಎಂದು ಮೇಲೆ ಹೇಳಿದ್ದನ್ನು ದಯವಿಟ್ಟು ಪಾಲಿಸಿ. ಅರ್ಜಿ ಹಾಕುವ ಆಲೋಚನೆಯಿದ್ದರೆ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ, ಹಳೇ ಟ್ಯಾಂಕ್ ಕೂರಿಸಿಕೊಂಡೇ ಹೋಗಿ.

ಬಿಚ್ಚಿದ ಟ್ಯಾಂಕನ್ನು ಅಟ್ಟಕ್ಕೆ ಎಸೆಯಬೇಡಿ. ಪೆಟ್ರೋಲ್ ಪೂರ್ತಿ ಬಸಿದು, ಬಯಲಲ್ಲಿ ಒಂದು ದಿನ ಆರಲು ಬಿಟ್ಟು, 100 ಮಿ.ಲೀ. 2ಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಯ ಎಣ್ಣೆ) ಸುರಿದು ಎಲ್ಲ ಮೂಲೆಗೂ ಮೆತ್ತುವಂತೆ ಹೊರಳಿಸಿ. ಕಾಕಿನ ತೂತಿಗೆ ಬಿರಡೆ ಹಾಕಿ, ಹಳೇ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ, ನಮ್ಮ ಕಡೆಯ ಮಳೆಗಾಲದಲ್ಲಿ ಅದರೊಳಗೆ ಬೆವರಿ ಹೊರಮೈಗೇ ತುಕ್ಕು ಹತ್ತುತ್ತದೆ. ಆರು ತಿಂಗಳಿಗೊಮ್ಮೆ ಮತ್ತೆ ಹೊರಳಿಸಿಡಿ.